ಪುಟ್ಟ ಸಿಪಾಯಿಗಳ ಚರಿತ್ರೆ

ಇಂಗ್ಲೆಂಡ್, ಅಮೆರಿಕ, ಜರ್ಮನಿ ಮೊದಲಾದ ದೇಶಗಳಲ್ಲಿ ನಮಗೆ ಅಷ್ಟಾಗಿ ಪರಿಚಯವಿಲ್ಲದ ಒಂದು ಹವ್ಯಾಸವಿದೆ. ಉದ್ಯೋಗದಲ್ಲಿರುವ, ಸಂಸಾರವಂದಿಗರಾದ ದೊಡ್ಡವರೇ ಅಂಗಡಿಗೆ ಹೋಗಿ ಒಂದು ಪೆಟ್ಟಿಗೆ ಕೊಂಡು ತರುತ್ತಾರೆ. ಅದರೊಳಗೆ ಸಿದ್ಧವಾದ ಗೊಂಬೆ ಇರುವುದಿಲ್ಲ. ಪ್ಲಾಸ್ಟಿಕ್ ಚೌಕಟ್ಟಿಗೆ ಅಂಟಿಕೊಂಡ ಕೈ, ಕಾಲು, ತಲೆ, ಕತ್ತಿ, ಗುರಾಣಿಗಳು ಇರುತ್ತವೆ. ಅವನ್ನು ಕತ್ತರಿಸಿ, ಉಜ್ಜಿ, ಅಂಟಿಸಿ, ಬೇಕಾದರೆ ಒಬ್ಬನ ತಲೆಯನ್ನು ಇನ್ನೊಬ್ಬನ ಮೈಗೆ ಜೋಡಿಸಿ, ಕೂದಲೆಳೆಯಂಥ ಕುಂಚದಿಂದ ಬಣ್ಣ ಹಚ್ಚಿ ಒಂದು ದಂಡನ್ನೇ ಕಟ್ಟುತ್ತಾರೆ. ಆಮೇಲೆ ಮೇಜಿನ ಮೇಲೆ ಬೆಟ್ಟ, ಹೊಳೆ, ಕೋಟೆಗಳನ್ನಿಟ್ಟು, ಅಳತೆಪಟ್ಟಿ ಮತ್ತು ದಾಳ ಹಿಡಿದು ಯುದ್ಧ ಆಡುತ್ತಾರೆ.

ಇದೇನು ಮಕ್ಕಳಾಟ ಎಂದು ಯಾರಿಗಾದರೂ ಅನ್ನಿಸಬಹುದು. ಆದರೆ ಈ ಎರಡಂಗುಲದ ಸಿಪಾಯಿಯ ಹಿಂದೆ ಹೋದರೆ ಪ್ರಷ್ಯದ ಸೇನಾ ಕಚೇರಿ, ನ್ಯೂರೆಂಬರ್ಗಿನ ತವರದ ಕುಲುಮೆ, ಒಬ್ಬ ಪ್ರಸಿದ್ಧ ಕಾದಂಬರಿಕಾರನ ಕೋಣೆ ಎಲ್ಲವೂ ಸಿಗುತ್ತವೆ. ಇನ್ನೂ ಹಿಂದಕ್ಕೆ ಹೋದರೆ ನಮ್ಮ ಚದುರಂಗವೇ ಸಿಗುತ್ತದೆ.

ಚಿಕ್ಕ ಸೈನಿಕರನ್ನು ಮಾಡುವ ಪದ್ಧತಿ ಬಹಳ ಹಳೆಯದು. ಈಜಿಪ್ಟಿನ ಅಸ್ಯೂತ್ ಎಂಬಲ್ಲಿ ಮೆಸೆಹ್ತಿ ಎಂಬ ಪ್ರಾಂತಾಧಿಕಾರಿಯ ಗೋರಿಯಲ್ಲಿ ಮರದ ಎರಡು ತುಕಡಿಗಳು ದೊರೆತಿವೆ: 40 ಮಂದಿ ಈಜಿಪ್ಟಿನ ಭರ್ಜಿಗಾರರು, 40 ಮಂದಿ ನೂಬಿಯದ ಬಿಲ್ಲುಗಾರರು. ಅವಕ್ಕೆ ಸುಮಾರು 4000 ವರ್ಷ. ಆದರೆ ಅವು ಆಟಕ್ಕಾಗಿ ಮಾಡಿದವಲ್ಲ, ಸತ್ತವನ ಕಾವಲಿಗೆ ಮಾಡಿದವು. ಸೈನಿಕನನ್ನು ಕಾಯಿಯನ್ನಾಗಿ ಮಾಡಿ, ಅವನಿಗೊಂದು ನಡೆ ಕೊಟ್ಟು, ಎದುರಾಳಿಯ ಬುದ್ಧಿಯ ವಿರುದ್ಧ ನಿಲ್ಲಿಸಿದ್ದು ಭಾರತದ ಚತುರಂಗ. ಆನೆ, ಕುದುರೆ, ರಥ, ಪದಾತಿ ಎಂಬ ಸೇನೆಯ ನಾಲ್ಕು ಅಂಗಗಳೇ ಆ ಆಟದ ಹೆಸರು. ಅದು ಇರಾನಿಗೆ ಹೋಗಿ ಶತ್ರಂಜ್ ಆಯಿತು. ಉರ್ದುವಿನಲ್ಲಿ ಇಂದಿಗೂ ನಾವು ಫೀಲ್, ರುಖ್, ಪ್ಯಾದಾ ಎನ್ನುತ್ತೇವೆ. ಫೀಲ್ ಎಂದರೆ ಆನೆ. ಪ್ಯಾದಾ ನಮ್ಮ ಪದಾತಿಯ ದಾಯಾದಿಯೇ. ಅರಬರ ಮೂಲಕ ಯುರೋಪನ್ನು ಮುಟ್ಟುವಷ್ಟರಲ್ಲಿ ಕಾಯಿಗಳ ರೂಪ ಬದಲಾಗಿತ್ತು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿರುವ 12ನೇ ಶತಮಾನದ ನಿಶಾಪುರದ ಕಾಯಿಗಳಲ್ಲಿ ಆನೆಯ ಮೈಯೇ ಇಲ್ಲ, ದಂತಗಳನ್ನು ಸೂಚಿಸುವ ಎರಡು ಉಬ್ಬುಗಳಿವೆ, ಅಷ್ಟೆ. ಯುರೋಪಿನವರು ಆ ಎರಡು ಉಬ್ಬುಗಳನ್ನು ನೋಡಿ ಪಾದ್ರಿಯ ಟೋಪಿ ಎಂದುಕೊಂಡರೆಂದು ಹಲವರು ಊಹಿಸುತ್ತಾರೆ. ಅಂತೂ ನಮ್ಮ ಆನೆ ಅಲ್ಲಿ ಬಿಷಪ್ ಆಯಿತು.

1780ರಲ್ಲಿ ಜರ್ಮನಿಯ ಬ್ರನ್ಸ್‌ವಿಕ್‌ನ ಹೆಲ್ವಿಗ್ ಎಂಬ ಅಧ್ಯಾಪಕ ಈ ಚದುರಂಗವನ್ನೇ ಹಿಗ್ಗಿಸಿದ. ಮನೆಗಳ ಸಂಖ್ಯೆಯನ್ನು ಸಾವಿರದಾಚೆಗೆ ಏರಿಸಿ, ಕೆಲವಕ್ಕೆ ಬೆಟ್ಟದ ಬಣ್ಣ, ಕೆಲವಕ್ಕೆ ನೀರಿನ ಬಣ್ಣ ಕೊಟ್ಟು, ಫಿರಂಗಿಗಳನ್ನು ಸೇರಿಸಿದ. ಆದರೂ ಅದು ಮನೆಗಳ ಆಟವೇ. ಯುದ್ಧಭೂಮಿಯಲ್ಲಿ ಚೌಕದ ಮನೆಗಳಿರುವುದಿಲ್ಲವಲ್ಲ! ಆ ಮನೆಗಳನ್ನು ಕಿತ್ತೆಸೆದವರು ಪ್ರಷ್ಯದ ರೈಸ್‌ವಿಟ್ಸ್ ತಂದೆ ಮಗ. ತಂದೆ 1812ರಲ್ಲಿ ಸ್ಥಳದ ಉಬ್ಬುತಗ್ಗುಗಳನ್ನು ತೋರಿಸುವ, ಬೇಕಾದ ಹಾಗೆ ಜೋಡಿಸಬಹುದಾದ ತುಂಡುಗಳಿರುವ ಒಂದು ಮೇಜನ್ನು ಮಾಡಿಸಿ ದೊರೆ ಮೂರನೆಯ ಫ್ರೆಡ್ರಿಕ್ ವಿಲಿಯಂಗೆ ಒಪ್ಪಿಸಿದ. ಸೈನ್ಯಾಧಿಕಾರಿಯಾಗಿದ್ದ ಮಗ ಅದನ್ನು ನಿಜವಾದ ಭೂಪಟದ ಮೇಲೆ ಆಡುವಂತೆ ತಿದ್ದಿ 1824ರಲ್ಲಿ ನಿಯಮಗಳನ್ನು ಪ್ರಕಟಿಸಿದ. ಭೂಪಟದ ಪ್ರಮಾಣ 1ಕ್ಕೆ 8000. ದಳಗಳನ್ನು ಸೂಚಿಸಲು ಕೆಂಪು, ನೀಲಿ ತುಂಡುಗಳು. ಗುಂಡಿನ ಪರಿಣಾಮವನ್ನು ನಿರ್ಧರಿಸಲು ದಾಳ. ಶತ್ರುವಿನ ಯಾವ ದಳ ಯಾರಿಗೆ ಕಾಣುತ್ತದೆ ಎಂದು ನಿರ್ಣಯಿಸಲು ನಡುವೆ ಒಬ್ಬ ತೀರ್ಪುಗಾರ. ಸೇನಾ ಮುಖ್ಯಸ್ಥ ಮ್ಯುಫ್ಲಿಂಗ್ ಮೊದಲು ಉದಾಸೀನದಿಂದ ನೋಡುತ್ತಿದ್ದನಂತೆ. ಆಟ ಮುಗಿಯುವಷ್ಟರಲ್ಲಿ ಇದು ಆಟವಲ್ಲ, ಯುದ್ಧದ ಶಿಕ್ಷಣ ಎಂದು ಉದ್ಗರಿಸಿದನೆಂದು ಹೇಳುತ್ತಾರೆ. ಸೇನೆಗೆಲ್ಲ ಅದನ್ನು ಶಿಫಾರಸು ಮಾಡಿದ. ಆದರೆ ಅದನ್ನು ರೂಪಿಸಿದ ಮಗ ರೈಸ್‌ವಿಟ್ಸ್ ಅದರ ಫಲ ಕಾಣಲಿಲ್ಲ. 1827ರಲ್ಲಿ ಆತ್ಮಹತ್ಯೆ ಮಾಡಿಕೊಂಡ. 1870-71ರಲ್ಲಿ ಪ್ರಷ್ಯ ಫ್ರಾನ್ಸನ್ನು ಸೋಲಿಸಿದ ಮೇಲೆ ಬೇರೆ ದೇಶಗಳ ಸೇನೆಗಳೂ ಈ ಆಟವನ್ನು ಕಲಿಯಲು ಮುಂದಾದವು.

ಇತ್ತ ನ್ಯೂರೆಂಬರ್ಗಿನಲ್ಲಿ ಇನ್ನೊಂದು ಕಥೆ ನಡೆಯುತ್ತಿತ್ತು. ಅಲ್ಲಿ ಹಿಲ್ಪರ್ಟ್ ಎಂಬ ತವರದ ಕೆಲಸಗಾರ 1770ರ ದಶಕದಲ್ಲಿ ಕಲ್ಲಿನ ಅಚ್ಚಿನಲ್ಲಿ ಚಪ್ಪಟೆಯಾದ ಸಿಪಾಯಿಗಳನ್ನು ಎರಕ ಹೊಯ್ಯುತ್ತಿದ್ದ. 1839ರಲ್ಲಿ ಆರಂಭವಾದ ಹೈನ್ರಿಕ್ಸೆನ್ ಕಾರ್ಖಾನೆ ಸುಮಾರು 30 ಮಿಲಿಮೀಟರ್ ಎತ್ತರವನ್ನು ರೂಢಿಗೆ ತಂದಿತು. ಎಲ್ಲ ಸಿಪಾಯಿಗಳೂ ಒಂದೇ ಎತ್ತರದಲ್ಲಿದ್ದರೆ ತಾನೆ ಒಂದೇ ದಂಡಿನಲ್ಲಿ ನಿಲ್ಲಿಸಲು ಬರುವುದು? ಡೆನ್ಮಾರ್ಕಿನ ಆಂಡರ್ಸನ್ 1838ರಲ್ಲಿ ಬರೆದ ತವರದ ಸಿಪಾಯಿಯ ಕಥೆಯನ್ನು ನಮ್ಮ ಮಕ್ಕಳೂ ಕೇಳಿರಬಹುದು. ಒಂದು ಹಳೆಯ ಚಮಚ ಕರಗಿಸಿ 25 ಸಿಪಾಯಿಗಳನ್ನು ಮಾಡುತ್ತಾರೆ. ಕೊನೆಯವನಿಗೆ ತವರ ಸಾಲದೆ ಒಂದೇ ಕಾಲು. ಎರಕದ ಕೆಲಸ ಬಲ್ಲವರಿಗೆ ಇದು ಬರೀ ಕಲ್ಪನೆ ಅನ್ನಿಸುವುದಿಲ್ಲ.

ಲಂಡನ್ನಿನ ವಿಲಿಯಂ ಬ್ರಿಟನ್ ಎಂಬಾತ 1893ರಲ್ಲಿ ಕಂಡುಕೊಂಡ ಉಪಾಯ ಇಡೀ ವ್ಯಾಪಾರವನ್ನೇ ಬದಲಾಯಿಸಿತು. ಕರಗಿದ ಸೀಸದ ಮಿಶ್ರಲೋಹವನ್ನು ಅಚ್ಚಿಗೆ ಸುರಿದಾಗ ಮೊದಲು ಗಟ್ಟಿಯಾಗುವುದು ಅಚ್ಚಿಗೆ ತಾಗಿದ ಹೊರಪದರ. ಆ ಕ್ಷಣದಲ್ಲಿ ಅಚ್ಚನ್ನು ತಿರುವಿ ಒಳಗಿನ ದ್ರವವನ್ನು ಹೊರಗೆ ಸುರಿದುಬಿಟ್ಟರೆ ಒಳಗೆ ಟೊಳ್ಳಾದ ಸಿಪಾಯಿ ಉಳಿಯುತ್ತಾನೆ. ಲೋಹ ಕಡಿಮೆ, ತೂಕ ಕಡಿಮೆ, ಬೆಲೆಯೂ ಕಡಿಮೆ. ಜರ್ಮನಿಯ ಗಟ್ಟಿ ಸಿಪಾಯಿಗಳ ಮಾರುಕಟ್ಟೆಗೆ ಇದರಿಂದ ದೊಡ್ಡ ಪೆಟ್ಟು ಬಿತ್ತು. 54 ಮಿಲಿಮೀಟರಿನ ಈ ಬ್ರಿಟನ್ಸ್ ಸಿಪಾಯಿಗಳು ಸಾಮಾನ್ಯರ ಮನೆಗಳಿಗೂ ಬಂದವು. ಅದಕ್ಕೂ ಹಿಂದೆ ಅದು ಹೆಚ್ಚಾಗಿ ಉಳ್ಳವರ ಮಕ್ಕಳ ಆಟವಾಗಿತ್ತು. ವಿನ್ಸ್‌ಟನ್ ಚರ್ಚಿಲ್ ಬಳಿ ಬಾಲ್ಯದಲ್ಲಿ ಸುಮಾರು 1500 ಸಿಪಾಯಿಗಳಿದ್ದವು. ಒಂದು ದಿನ ತಂದೆ ಬಂದು ಆ ದಂಡನ್ನು ಪರಿಶೀಲಿಸಿ, ಸೈನ್ಯ ಸೇರುತ್ತೀಯಾ ಎಂದು ಕೇಳಿದರು. ತನ್ನಲ್ಲಿ ಸೇನಾನಿಯ ಪ್ರತಿಭೆ ಕಂಡು ಕೇಳಿದರೆಂದು ಹುಡುಗ ಹಿಗ್ಗಿದ. ವಕೀಲಿ ಕಲಿಯುವಷ್ಟು ಬುದ್ಧಿ ಈ ಹುಡುಗನಿಗಿಲ್ಲ ಎಂದು ತಂದೆ ಹಾಗೆ ಕೇಳಿದ್ದರೆಂಬುದು ಆಮೇಲೆ ಗೊತ್ತಾಯಿತು ಎಂದು ಚರ್ಚಿಲರೇ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ.

ಆ ಬ್ರಿಟನ್ಸ್ ಪೆಟ್ಟಿಗೆಗಳಲ್ಲಿ ಮದ್ರಾಸಿನ, ಬಂಗಾಳದ ಅಶ್ವದಳಗಳೂ ಇದ್ದವು. ಅಂದರೆ ನಮ್ಮ ದೇಶದವರೂ ಲಂಡನ್ನಿನ ಮಕ್ಕಳ ಆಟದಲ್ಲಿ ಇದ್ದರು, ಆದರೆ ಸಾಮ್ರಾಜ್ಯದ ಸಮವಸ್ತ್ರದಲ್ಲಿ ಮಾತ್ರ. ಸಿಪಾಯಿ ಎಂಬ ಪದವೇ ಪಾರಸಿಯ ಸಿಪಾಹಿಯಿಂದ ಬಂದು ಇಂಗ್ಲಿಷಿನಲ್ಲಿ ಸೆಪಾಯ್ ಆಯಿತು. ಯಾರ ಗೊಂಬೆಯನ್ನು ಯಾರು ಮಾಡುತ್ತಾರೆ, ಯಾವ ಉಡುಪಿನಲ್ಲಿ ನಿಲ್ಲಿಸುತ್ತಾರೆ ಎಂಬುದು ಸಣ್ಣ ಪ್ರಶ್ನೆಯಲ್ಲ.

ಈ ಸಿಪಾಯಿಗಳಿಂದ ದೊಡ್ಡವರು ಆಡಬಹುದಾದ ಆಟವನ್ನು ಕಟ್ಟಿಕೊಟ್ಟವರು ಕಾದಂಬರಿಕಾರ ಎಚ್. ಜಿ. ವೆಲ್ಸ್. 1913ರಲ್ಲಿ ಅವರು ಪ್ರಕಟಿಸಿದ 'ಲಿಟ್ಲ್ ವಾರ್ಸ್' ಎಂಬ ಪುಸ್ತಕವನ್ನು ಈ ಹವ್ಯಾಸದವರು ಇಂದಿಗೂ ತಮ್ಮ ಮೂಲಗ್ರಂಥವೆಂದು ಭಾವಿಸುತ್ತಾರೆ. ಬ್ರಿಟನ್ಸ್ ಕಂಪನಿಯ ಸ್ಪ್ರಿಂಗ್ ಫಿರಂಗಿಯಿಂದ ಮರದ ಗುಂಡು ಹಾರಿಸುವುದು, ಉರುಳಿದ ಸಿಪಾಯಿ ಸತ್ತಂತೆ. ನೆಲದ ಮೇಲೆ ಪುಸ್ತಕ, ಹಲಗೆಗಳನ್ನು ಪೇರಿಸಿದರೆ ಬೆಟ್ಟ. ಗಿಡದ ರೆಂಬೆ ನಿಲ್ಲಿಸಿದರೆ ಕಾಡು. ಆದರೆ ಪುಸ್ತಕದ ಕೊನೆಯಲ್ಲಿ ವೆಲ್ಸ್ ಹೇಳುವ ಮಾತು ಪ್ರಷ್ಯದವರ ಮಾತಿಗೆ ತೀರ ವಿರುದ್ಧ. ನಿಜವಾದ ಸೈನ್ಯಾಧಿಕಾರಿಗಳೂ ತಮ್ಮೊಡನೆ ಆಡುವಾಗ ತೀರ ಮೂಲಭೂತ ಸಂಗತಿಗಳಲ್ಲಿ ತಡವರಿಸಿದ್ದನ್ನು ನೆನೆದು, ಮೂರು ನಾಲ್ಕು ಸಲ ಈ ಆಟವಾಡಿದರೆ ಸಾಕು, ದೊಡ್ಡ ಯುದ್ಧ ಎಂಥ ಎಡವಟ್ಟಿನ ಕೆಲಸವೆಂದು ತಿಳಿಯುತ್ತದೆ ಎಂಬುದು ಅವರ ವಾದ. ಗೊಂಬೆಗಳಿಂದ ಆಡಿ ಆಸೆ ತೀರಿಸಿಕೊಳ್ಳಿ, ಮನುಷ್ಯರನ್ನು ಬಿಡಿ ಎಂಬುದು ಅದರ ತಾತ್ಪರ್ಯ.

ಮರುವರ್ಷವೇ ಮೊದಲ ಮಹಾಯುದ್ಧ ಬಂತು. ಅದೇ ವೆಲ್ಸ್ 1914ರಲ್ಲಿ ಇದು ಯುದ್ಧವನ್ನೇ ಕೊನೆಗಾಣಿಸುವ ಯುದ್ಧ ಎಂದು ಬರೆದು ಅದನ್ನು ಬೆಂಬಲಿಸಿದರು. ಹಾಗಾದರೆ ಆಟ ಯುದ್ಧವನ್ನು ಕಲಿಸುತ್ತದೆಯೋ, ಯುದ್ಧದ ಬಗ್ಗೆ ಹೇಸಿಗೆ ಕಲಿಸುತ್ತದೆಯೋ? ಪ್ರಷ್ಯದವರಿಗೆ ಮೊದಲನೆಯದು, ವೆಲ್ಸ್‌ಗೆ ಎರಡನೆಯದು ಬೇಕಾಗಿತ್ತು. ಗೊಂಬೆಗೆ ಎರಡೂ ಒಂದೇ ಎಂದು ನನಗನ್ನಿಸುತ್ತದೆ. ಆಡುವವನು ಏನನ್ನು ಹುಡುಕಿಕೊಂಡು ಬಂದಿದ್ದಾನೋ ಅದೇ ಅವನಿಗೆ ಸಿಗುತ್ತದೆ.

ಎರಡನೆಯ ಮಹಾಯುದ್ಧದ ನಂತರ ಈ ಹವ್ಯಾಸ ಹೊಸ ದಾರಿ ಹಿಡಿಯಿತು. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಜಾಕ್ ಸ್ಕ್ರೂಬಿ 1950ರ ದಶಕದಲ್ಲಿ ಆಟಗಾರರಿಗೆಂದೇ ಕಡಿಮೆ ಬೆಲೆಯ ಸಿಪಾಯಿಗಳನ್ನು ಎರಕ ಹೊಯ್ದು ಮಾರತೊಡಗಿದರು. ಬ್ರಿಟನ್ನಿನ ಏರ್‌ಫಿಕ್ಸ್ ಕಂಪನಿ 1959ರಲ್ಲಿ ಪ್ಲಾಸ್ಟಿಕ್ಕಿನ ಚಿಕ್ಕ ಸಿಪಾಯಿಗಳ ಪೆಟ್ಟಿಗೆಗಳನ್ನು ತಂದಿತು. ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು: 172 ಸೆಂಟಿಮೀಟರ್ ಎತ್ತರದ ಮನುಷ್ಯ 1ಕ್ಕೆ 72ರ ಪ್ರಮಾಣದಲ್ಲಿ ಎಷ್ಟಾಗುತ್ತಾನೆ? ಸುಮಾರು 24 ಮಿಲಿಮೀಟರ್. 1962ರಲ್ಲಿ ಡೊನಾಲ್ಡ್ ಫೆದರ್‌ಸ್ಟೋನ್ ಬರೆದ 'ವಾರ್ ಗೇಮ್ಸ್' ಪುಸ್ತಕ ಸಾವಿರಾರು ಜನರನ್ನು ಇತ್ತ ಸೆಳೆಯಿತು.

ಪೆಟ್ಟಿಗೆ ಅಗ್ಗವಾಯಿತು, ಆದರೆ ಅದರಲ್ಲಿ ಎಲ್ಲ ಸೇನೆಗಳೂ ಇರಲಿಲ್ಲ. ಬೇಕಾದ ಸೈನಿಕ ಸಿಗದಿದ್ದರೆ ಇದ್ದವನನ್ನೇ ಬೇರೆಯವನನ್ನಾಗಿ ಮಾಡಬೇಕು. ಇದನ್ನು ಅವರು ಕನ್ವರ್ಷನ್ ಎನ್ನುತ್ತಾರೆ. ಈ ಹವ್ಯಾಸದ ನಿಜವಾದ ಸೊಗಸು ಇರುವುದು ಇಲ್ಲೇ. ಒಬ್ಬನ ತಲೆ ಕತ್ತರಿಸಿ, ಕಾಯಿಸಿದ ಗುಂಡುಸೂಜಿಯನ್ನು ಕುತ್ತಿಗೆಗೆ ಚುಚ್ಚಿ ಇನ್ನೊಂದು ತಲೆ ಕೂರಿಸುವುದು, ಕಾಗದದ ಪಟ್ಟಿಯನ್ನು ಅಂಟಿನಲ್ಲಿ ಅದ್ದಿ ಮೇಲಂಗಿ ಮಾಡುವುದು, ತಂತಿಯಿಂದ ಭರ್ಜಿ. ಗಡಸು ಪ್ಲಾಸ್ಟಿಕ್ಕಿಗೆ ಹಚ್ಚುವ ದ್ರಾವಣ ನಿಜಕ್ಕೂ ಅಂಟಲ್ಲ, ಅದು ಎರಡು ತುಂಡುಗಳ ಅಂಚನ್ನು ಕರಗಿಸಿ ಒಂದಾಗಿಸುತ್ತದೆ. ಬಟ್ಟೆಯ ನೆರಿಗೆ, ಪೇಟ, ಗಡ್ಡಗಳಿಗೆ ಹಳದಿ ನೀಲಿ ಎರಡು ಪಟ್ಟಿಗಳನ್ನು ಕಲಸಿದರೆ ಹಸಿರಾಗಿ, ಕೆಲವು ತಾಸುಗಳಲ್ಲಿ ಗಟ್ಟಿಯಾಗುವ ಒಂದು ಎಪಾಕ್ಸಿ ಮೇಣ ಬಳಸುತ್ತಾರೆ. ನಮ್ಮಲ್ಲಿ ಸೋರುವ ನಲ್ಲಿಗೆ ಹಚ್ಚುವ ಎಂ-ಸೀಲ್ ಇದೇ ಜಾತಿಯದು. ನಮ್ಮ ಶಾಲೆಯ ಚದುರಂಗದ ಪೆಟ್ಟಿಗೆಯಲ್ಲಿ ತಲೆ ಮುರಿದ ಕುದುರೆಗೆ ಒಬ್ಬ ವಿದ್ಯಾರ್ಥಿ ಎಂ-ಸೀಲ್‌ನಿಂದ ತಲೆ ಮಾಡಿಕೊಟ್ಟಿದ್ದಾನೆ. ಅದು ಸ್ವಲ್ಪ ಒಂಟೆಯಂತೆ ಕಾಣುತ್ತದೆ ಎಂಬುದು ಬೇರೆ ಮಾತು, ನಡೆ ಮಾತ್ರ ಕುದುರೆಯದೇ.

ಬಣ್ಣ ಹಚ್ಚುವುದರಲ್ಲೂ ಯುಕ್ತಿಗಳಿವೆ. ನೀರಾದ ಕಪ್ಪುಬಣ್ಣವನ್ನು ಮೇಲೆ ಹರಿಸಿದರೆ ಅದು ನೆರಿಗೆಗಳ ಆಳದಲ್ಲಿ ನಿಂತು ನೆರಳಾಗುತ್ತದೆ. ಒಣ ಕುಂಚದಿಂದ ತಿಳಿಬಣ್ಣ ಸವರಿದರೆ ಉಬ್ಬುಗಳು ಬಿಸಿಲು ಬಿದ್ದಂತೆ ಹೊಳೆಯುತ್ತವೆ.

1970ರ ದಶಕದಲ್ಲಿ ಆಟ ಚರಿತ್ರೆಯಿಂದ ಕಲ್ಪನೆಯ ಕಡೆಗೆ ತಿರುಗಿತು. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ 1971ರಲ್ಲಿ ಮಧ್ಯಯುಗದ ಯುದ್ಧದ ನಿಯಮಗಳಿಗೆ ಮಾಂತ್ರಿಕರನ್ನು, ದೈತ್ಯರನ್ನು ಸೇರಿಸಿದರು. 1974ರಲ್ಲಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅವರ 'ಡಂಜನ್ಸ್ ಆಂಡ್ ಡ್ರ್ಯಾಗನ್ಸ್' ಹೊರಬಂತು. ಅದಕ್ಕೆ ಬೇಕಾದ ವಿಚಿತ್ರ ಪ್ರಾಣಿಗಳ ಗೊಂಬೆಗಳು ಆಗ ಎಲ್ಲಿ ಸಿಗಬೇಕು? ಗೈಗ್ಯಾಕ್ಸ್ ಅಗ್ಗದ ಅಂಗಡಿಯಿಂದ ಹಾಂಗ್‌ಕಾಂಗಿನ ಪ್ಲಾಸ್ಟಿಕ್ ಆಟಿಕೆಗಳ ಒಂದು ಚೀಲ ತಂದು, ಅದರಲ್ಲಿದ್ದ ಗುರುತೇ ಹತ್ತದ ಪ್ರಾಣಿಗಳಿಗೆ ಹೆಸರಿಟ್ಟು, ಗುಣ ಕೊಟ್ಟು ಆಟಕ್ಕಿಳಿಸಿದರು. ಕಬ್ಬಿಣಕ್ಕೆ ತುಕ್ಕು ಹಿಡಿಸುವ ಪ್ರಾಣಿ, ಗೂಬೆ ತಲೆಯ ಕರಡಿ ಹುಟ್ಟಿದ್ದು ಹೀಗೆ.

ಲಂಡನ್ನಿನಲ್ಲಿ 1975ರಲ್ಲಿ ಆರಂಭವಾದ ಗೇಮ್ಸ್ ವರ್ಕ್‌ಶಾಪ್ ಕಂಪನಿ 1983ರಲ್ಲಿ 'ವಾರ್‌ಹ್ಯಾಮರ್', 1987ರಲ್ಲಿ ಅದರ ಭವಿಷ್ಯಕಾಲದ ರೂಪವಾದ 'ವಾರ್‌ಹ್ಯಾಮರ್ 40,000' ತಂದಿತು. ಆರಂಭದ ದಿನಗಳಲ್ಲಿ ಖಾಲಿ ಡಿಯೊಡರೆಂಟ್ ಡಬ್ಬಿಯಿಂದ ಯುದ್ಧವಾಹನ ಮಾಡಿಕೊಳ್ಳುವ ಬಗೆಯನ್ನು ಅವರೇ ಹೇಳಿಕೊಡುತ್ತಿದ್ದರು. ಈಗ ಪ್ರತಿಯೊಂದು ವಾಹನಕ್ಕೂ ಪೆಟ್ಟಿಗೆಯಿದೆ, ಬೆಲೆಯೂ ಹಾಗೇ ಇದೆ. 2024ರ ಡಿಸೆಂಬರಿನಲ್ಲಿ ಆ ಕಂಪನಿ ಲಂಡನ್ ಷೇರುಪೇಟೆಯ ನೂರು ದೊಡ್ಡ ಕಂಪನಿಗಳ ಸೂಚ್ಯಂಕಕ್ಕೆ ಸೇರಿತು. ಬೆಳವಣಿಗೆ ಮೆಚ್ಚತಕ್ಕದ್ದೇ, ಆದರೆ ಡಬ್ಬಿಯ ಕಾಲದಲ್ಲಿದ್ದ ಸ್ವಾತಂತ್ರ್ಯ ಕಡಿಮೆಯಾಯಿತೆನ್ನಬೇಕು. ಇತ್ತೀಚೆಗೆ ಅಗ್ಗವಾಗಿರುವ ತ್ರಿಡಿ ಪ್ರಿಂಟರ್‌ಗಳು ಅದನ್ನು ಬೇರೊಂದು ರೀತಿಯಲ್ಲಿ ಮರಳಿ ಕೊಡುತ್ತಿವೆ. ಸೀಸ ಮಾತ್ರ ಹೋಯಿತು, ಒಳ್ಳೆಯದೇ ಆಯಿತು. ಬ್ರಿಟನ್ಸ್ 1966ರಲ್ಲಿ ಸೀಸದ ಸಿಪಾಯಿಗಳನ್ನು ನಿಲ್ಲಿಸಿತು. ಅದು ಮಕ್ಕಳ ಬಾಯಿಗೆ ಹೋಗಬಾರದ ಲೋಹ.

ಈಗ ನಮ್ಮ ವಿದ್ಯಾರ್ಥಿಯೊಬ್ಬ ಟಿಪ್ಪು ಸುಲ್ತಾನರ ದಂಡನ್ನು ಎರಡಂಗುಲದಲ್ಲಿ ಕಟ್ಟಲು ಹೊರಟನೆಂದುಕೊಳ್ಳಿ. ಕಂಪನಿ ಸರ್ಕಾರದ ಸಿಪಾಯಿಯ ಗೊಂಬೆ ಸಿಕ್ಕರೂ ಅದರ ಕೆಂಪು ಕೋಟನ್ನು ತೆಗೆಯಬೇಕು, ಟೋಪಿಯ ಬದಲು ಪೇಟ ಸುತ್ತಬೇಕು, ಅಂಗಿಯ ಮೇಲೆ ಹುಲಿಪಟ್ಟೆಯ ಬಬ್ರಿ ಗುರುತು ಬರೆಯಬೇಕು. ರಾಕೆಟ್ ಪಡೆಯವನಿಗೆ ಕಬ್ಬಿಣದ ಕೊಳವೆ, ಅದಕ್ಕೆ ಕಟ್ಟಿದ ಬಿದಿರು. ಕೊಳವೆಯ ಗಾತ್ರ ಎಷ್ಟು? 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಪಾಳುಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ರಾಕೆಟ್ ಕೊಳವೆಗಳು ಹೊರಬಂದವು. ಅಲ್ಲಿಂದ ಅಳತೆ ತೆಗೆದುಕೊಳ್ಳಬಹುದು. ದಳಗಳ ರಚನೆಗೆ ಪಾರಸಿಯಲ್ಲಿರುವ ಸೈನಿಕ ಕೈಪಿಡಿ 'ಫತ್ಹುಲ್ ಮುಜಾಹಿದೀನ್' ಇದೆ. ಉರ್ದು ಬಲ್ಲವರಿಗೆ ಅದರ ಎಷ್ಟೋ ಪದಗಳು ಪರಿಚಿತವೇ.

ಬಣ್ಣಕ್ಕೆ ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಹೋಗಬೇಕು. ಅದರ ಪಶ್ಚಿಮದ ಗೋಡೆಯ ಮೇಲೆ 1780ರ ಪೊಳ್ಳಿಲೂರು ಕದನವಿದೆ. ಚೌಕಾಕಾರವಾಗಿ ನಿಂತ ಕೆಂಪು ಕೋಟಿನವರು, ಗಾಯಗೊಂಡು ಪಲ್ಲಕ್ಕಿಯಲ್ಲಿ ಕುಳಿತ ಕರ್ನಲ್ ಬೇಲಿ, ಸಿಡಿಯುತ್ತಿರುವ ಮದ್ದಿನ ಬಂಡಿ, ಸುತ್ತಲೂ ಹೈದರ್ ಮತ್ತು ಟಿಪ್ಪುವಿನ ಕುದುರೆಗಳು. ಆದರೆ ಆ ಚಿತ್ರವನ್ನು ಒಂದಕ್ಕಿಂತ ಹೆಚ್ಚು ಸಲ ಬಳಿದು ಅಳಿಸಿ ಮತ್ತೆ ಬರೆಯಲಾಗಿದೆ, 1855ರಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿಯ ಆಜ್ಞೆಯಂತೆಯೂ ಅದರ ದುರಸ್ತಿ ನಡೆಯಿತು. ಹಾಗಾಗಿ ಗೋಡೆಯ ಮೇಲೆ ಕಾಣುವ ಯಾವ ಬಣ್ಣ ಟಿಪ್ಪುವಿನ ಕಾಲದ್ದು, ಯಾವುದು ಆಮೇಲಿನ ಕುಂಚದ್ದು ಎಂಬುದನ್ನು ನಮ್ಮ ವಿದ್ಯಾರ್ಥಿ ಕುಂಚ ಅದ್ದುವ ಮೊದಲೇ ವಿಚಾರಿಸಿಕೊಳ್ಳಬೇಕಾಗುತ್ತದೆ.