ಹಳೆಯ ಜೀಪು, ಪಿಕಪ್‌ಗಳ ಕಚ್ಚಾರಸ್ತೆ ಟೈರು ಮತ್ತು ಫೆಂಡರ್ ಫ್ಲೇರ್ (ತುಮಕೂರು, ಗುಬ್ಬಿ, ಕುಣಿಗಲ್)

ಡಾಂಬರು ಬಿಟ್ಟು ಮಣ್ಣು, ಜಲ್ಲಿ, ಕೆಸರಿನಲ್ಲಿ ಓಡಾಡಬೇಕಾದ ಹಳೆಯ ವಾಹನಗಳಿಗೆ ಹಾಕುವ ದಪ್ಪ ಗಟ್ಟೆಯ ಟೈರುಗಳು, ಮತ್ತು ಅಗಲ ಟೈರು ಮಡ್‌ಗಾರ್ಡಿನಿಂದ ಹೊರಗೆ ಚಾಚಿದಾಗ ಅದನ್ನು ಮುಚ್ಚಲು ಚಕ್ರದ ಕಮಾನಿನ ಸುತ್ತ ಕೂರಿಸುವ ಪಟ್ಟಿ. ಈ ಪಟ್ಟಿಗೆ ಫೆಂಡರ್ ಫ್ಲೇರ್ ಎಂದು ಹೆಸರು. ತುಮಕೂರು ಸೀಮೆಯಲ್ಲಿ ಈ ಪ್ರಶ್ನೆ ಹವ್ಯಾಸಿಗಳಿಗಿಂತ ಹೆಚ್ಚಾಗಿ ತೋಟಕ್ಕೆ ಗೊಬ್ಬರ ಹೊಡೆಯುವವರದು, ಕ್ರಷರಿನಿಂದ ಎಂ-ಸ್ಯಾಂಡ್ ತರುವವರದು, ಸಂತೆಗೆ ತೆಂಗಿನಕಾಯಿ ಸಾಗಿಸುವವರದು. ಅವರ ಕೈಯಲ್ಲಿರುವುದು 1986ರಲ್ಲಿ ಮಾರುಕಟ್ಟೆಗೆ ಬಂದ ಟಾಟಾ 407, 1988ರ ಟಾಟಾಮೊಬೈಲ್ ಪೀಳಿಗೆಯಿಂದ ಬಂದ ಪಿಕಪ್‌ಗಳು, 2000ದ ನಂತರದ ಬೊಲೆರೊ, ಕೆಲವರ ಬಳಿ ಇನ್ನೂ ಪ್ಯೂಜೊ ಇಂಜಿನ್ನಿನ ಮಹೀಂದ್ರ ಎಂ.ಎಂ. 540 ಜೀಪು. ಗಾಡಿಯ ಬೆಲೆಯೇ ಕಡಿಮೆಯಾಗಿರುವಾಗ ಟೈರಿಗೆ ಎಷ್ಟು ಸುರಿಯಬೇಕು ಎಂಬುದೇ ಇಲ್ಲಿನ ಮುಖ್ಯ ಲೆಕ್ಕ.

ನೆಲ ಮತ್ತು ದಾರಿ

ಟೈರು ಆರಿಸುವ ಮೊದಲು ನೆಲ ನೋಡಬೇಕು. ಜಿಲ್ಲೆಯ ಬಹುಭಾಗ ಕೆಂಪು ಮಣ್ಣು. ಗುಬ್ಬಿಯ ತೆಂಗು, ಅಡಿಕೆ ತೋಟಗಳಲ್ಲಿ ಅದು ಮೆತ್ತಗೆ, ಕುಣಿಗಲ್ಲಿನಿಂದ ಹುಲಿಯೂರುದುರ್ಗದ ಕಡೆಗೆ ಹೋದರೆ ಬಂಡೆ, ಗುಡ್ಡ, ನೊರಜುಗಲ್ಲು. ಗೊರೂರಿನಿಂದ ಬರುವ ಹೇಮಾವತಿ ನಾಲೆಯ ಏರಿಯ ಮೇಲಿನ ದಾರಿಗಳು ಒಣಗಿದಾಗ ಸೊಗಸು, ನೆನೆದಾಗ ಸಾಬೂನಿನ ಹಾಗೆ. ಕೆರೆಯಂಗಳಕ್ಕೆ ಹೂಳು ಎತ್ತಲು ಇಳಿದವರಿಗೆ ಅಂಟು ಮಣ್ಣಿನ ಕಾಟ ಗೊತ್ತು. ಆದರೆ ಜಿಲ್ಲೆಯ ಮಳೆಯ ದೊಡ್ಡ ಪಾಲು ಬೀಳುವುದು ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ. ಅಂದರೆ ನಿಜವಾದ ಕೆಸರು ವರ್ಷದಲ್ಲಿ ಕೆಲವು ವಾರಗಳ ಮಾತು. ಉಳಿದ ದಿನಗಳಲ್ಲಿ ಇದೇ ಗಾಡಿ ತುಮಕೂರಿನ ಬಿ.ಎಚ್. ರಸ್ತೆಯಲ್ಲೋ, ಬೆಂಗಳೂರು–ಪುಣೆ ಹೆದ್ದಾರಿಯಲ್ಲೋ, ಕುಣಿಗಲ್ ಹಾಯ್ದು ಮಂಗಳೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 75ರಲ್ಲೋ ಕಾದ ಡಾಂಬರಿನ ಮೇಲೆ ಹೊರೆ ಹೊತ್ತು ಓಡುತ್ತದೆ.

ಈ ಸೀಮೆಯಲ್ಲಿ ಟೈರನ್ನು ಕೊಲ್ಲುವುದು ಕೆಸರಲ್ಲ. ಮೊದಲನೆಯದು ಜಲ್ಲಿಯ ಚೂಪು ಅಂಚು. ಎರಡನೆಯದು ಕೆರೆಯಂಗಳ, ಗೋಮಾಳ ಎಲ್ಲವನ್ನೂ ಆಕ್ರಮಿಸಿರುವ ಬಳ್ಳಾರಿ ಜಾಲಿಯ ಮುಳ್ಳು. ಮೂರನೆಯದು ಬೇಸಿಗೆಯ ಬಿಸಿಯಲ್ಲಿ ಅತಿಭಾರ. ಹೀಗಾಗಿ ಅಂತರ್ಜಾಲದ ಚಿತ್ರ ನೋಡಿ ಮಡ್ ಟೆರೈನ್ ಟೈರು ಹಾಕಿಸುವುದು ಇಲ್ಲಿನ ಕೆಲಸದ ಗಾಡಿಗೆ ಹೆಚ್ಚುಕಡಿಮೆ ದಂಡ. ಅದರ ದೂರದೂರದ ಗಟ್ಟೆಗಳು ಡಾಂಬರಿನಲ್ಲಿ ಬೇಗ ಸವೆಯುತ್ತವೆ, ಗುಂಯ್‌ಗುಡುತ್ತವೆ, ಡೀಸೆಲ್ ಕುಡಿಸುತ್ತವೆ, ಒದ್ದೆ ಹೆದ್ದಾರಿಯಲ್ಲಿ ಬ್ರೇಕ್ ಹಾಕಿದಾಗ ಸಾಮಾನ್ಯ ಟೈರಿಗಿಂತ ತಡವಾಗಿ ನಿಲ್ಲುತ್ತವೆ.

ಟೈರಿನ ಬಗೆಗಳು

ಹಳೆಯ ಗಾಡಿಗಳಿಗೆ ಸಿಗುವುದು ಎರಡು ಕಟ್ಟಡದ ಟೈರು: ಎಳೆಗಳು ಓರೆಯಾಗಿ ಒಂದರ ಮೇಲೊಂದು ಹಾಯುವ ಬಯಾಸ್, ಅಂದರೆ ಅಂಗಡಿಯವರು ನೈಲಾನ್ ಎನ್ನುವುದು, ಮತ್ತು ರೇಡಿಯಲ್. ನೈಲಾನ್ ಟೈರಿನ ಪಕ್ಕೆ ದಪ್ಪ. ಕಲ್ಲಿನ ಪೆಟ್ಟು ತಡೆಯುತ್ತದೆ, ಬೆಲೆಯೂ ಕಡಿಮೆ, ಆದರೆ ಬಿಸಿಯೇರುತ್ತದೆ, ಬೇಗ ಸವೆಯುತ್ತದೆ. ರೇಡಿಯಲ್ ಹೆದ್ದಾರಿಯಲ್ಲಿ ಹೆಚ್ಚು ಕಿಲೋಮೀಟರ್ ಕೊಡುತ್ತದೆ, ಆದರೆ ಪಕ್ಕೆ ತೆಳು. ಕ್ರಷರ್ ಆವರಣದಲ್ಲೇ ದಿನ ಕಳೆಯುವ 407ಕ್ಕೆ ನೈಲಾನ್ ಇನ್ನೂ ಸರಿ. ವಾರಕ್ಕೆರಡು ಸಲ ಬೆಂಗಳೂರಿಗೆ ಹೋಗಿಬರುವ ಪಿಕಪ್ಪಿಗೆ ರೇಡಿಯಲ್ಲೇ ಲಾಭ. ಒಂದೇ ಆಕ್ಸಲ್ಲಿನಲ್ಲಿ ಒಂದು ನೈಲಾನ್, ಒಂದು ರೇಡಿಯಲ್ ಮಾತ್ರ ಯಾವ ಕಾರಣಕ್ಕೂ ಬೇಡ.

ಮೇಲ್ಮೈಯ ವಿನ್ಯಾಸದಲ್ಲಿ ಉದ್ದುದ್ದ ಗೆರೆಯ ರಿಬ್, ಅಡ್ಡ ಗಟ್ಟೆಯ ಲಗ್, ಎರಡರ ನಡುವಿನ ಆಲ್ ಟೆರೈನ್ ಎಂಬ ಭೇದಗಳಿವೆ. ಇಲ್ಲಿನ ಸರಕು ಗಾಡಿಗಳಲ್ಲಿ ಹೆಚ್ಚಿನವಕ್ಕೆ ಎಳೆಯುವ ಶಕ್ತಿ ಹಿಂದಿನ ಚಕ್ರಕ್ಕೆ ಮಾತ್ರ. ಆದ್ದರಿಂದ ಮುಂದೆ ರಿಬ್, ಹಿಂದೆ ಲಗ್ ಎಂಬ ಲಾರಿ ಚಾಲಕರ ಹಳೆಯ ಪದ್ಧತಿಯೇ ಇವತ್ತಿಗೂ ಅತಿ ಅಗ್ಗದ, ಅತಿ ಸಮಂಜಸವಾದ ಜೋಡಣೆ. ಮುಂದಿನದು ಹಿಡಿದ ದಿಕ್ಕಿಗೆ ತಿರುಗುತ್ತದೆ, ಹಿಂದಿನದು ತೋಟದ ಮಣ್ಣನ್ನು ಕಚ್ಚುತ್ತದೆ. ಖಾಲಿ ಪಿಕಪ್ ಕೆಸರಿನಲ್ಲಿ ಜಾರುವುದಕ್ಕೆ ಹಿಂದೆ ಭಾರವಿಲ್ಲದಿರುವುದೂ ಕಾರಣ. ನಾಲ್ಕು ಮೂಟೆ ಮರಳು ಹೇರಿದರೆ ಸಿಗುವ ಹಿಡಿತ ದುಬಾರಿ ಟೈರಿನಿಂದ ಸಿಗುವುದು ಅಪರೂಪ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಜೀಪಿನ ಮಾತು ಬೇರೆ. ಅದಕ್ಕೆ ನಾಲ್ಕೂ ಒಂದೇ ಅಳತೆ, ಒಂದೇ ವಿನ್ಯಾಸ, ಹತ್ತಿರ ಹತ್ತಿರದ ಸವೆತದವು ಇರಬೇಕು. ಇಲ್ಲದಿದ್ದರೆ ಗಟ್ಟಿ ನೆಲದ ಮೇಲೆ ಫೋರ್ ವೀಲ್ ಹಾಕಿದಾಗ ಟ್ರಾನ್ಸ್‌ಫರ್ ಕೇಸ್ ಏಟು ತಿನ್ನುತ್ತದೆ.

ಪಕ್ಕೆಯ ಮೇಲಿನ ಬರಹ

ಟೈರಿನ ಜಾತಕವೆಲ್ಲ ಅದರ ಪಕ್ಕೆಯ ಮೇಲೆ ಅಚ್ಚಾಗಿರುತ್ತದೆ. ಹಳೆಯ ಜೀಪಿನ 6.00-16 ಎಂದರೆ ಸುಮಾರು ಆರು ಇಂಚು ಅಗಲ, ಹದಿನಾರು ಇಂಚಿನ ಡಿಸ್ಕ್, ನಡುವಿನ ಅಡ್ಡಗೆರೆ ನೈಲಾನಿನ ಗುರುತು. ಬೊಲೆರೊದ 215/75 R15ರಲ್ಲಿ ಅಗಲ 215 ಮಿ.ಮೀ., ಪಕ್ಕೆಯ ಎತ್ತರ ಅದರ ಶೇ 75, R ಎಂದರೆ ರೇಡಿಯಲ್, 15 ಇಂಚಿನ ಡಿಸ್ಕ್. ಪಕ್ಕದಲ್ಲಿ 100 ಎಂದಿದ್ದರೆ ಅದು ಭಾರದ ಸೂಚಿ, ಒಂದು ಟೈರು 800 ಕೆ.ಜಿ. ಹೊರಬಲ್ಲದು ಎಂದರ್ಥ. ನೈಲಾನ್ ಟೈರಿನ ಮೇಲೆ 8PR, 16PR ಎಂದು ಇರುತ್ತದೆ. ಅದು ಒಳಗಿನ ಪದರಗಳ ಎಣಿಕೆಯಲ್ಲ, ಬಲದ ದರ್ಜೆ. ಅಗ್ಗಕ್ಕೆ ಸಿಕ್ಕಿತೆಂದು ಕಂಪನಿ ಹೇಳಿದ್ದಕ್ಕಿಂತ ಕಡಿಮೆ ದರ್ಜೆಯದನ್ನು ಸರಕು ಗಾಡಿಗೆ ಹಾಕಿದರೆ ಮೊದಲ ಬೇಸಿಗೆಯಲ್ಲೇ ಪಕ್ಕೆ ಉಬ್ಬುತ್ತದೆ.

ಎಲ್ಲಕ್ಕಿಂತ ಉಪಯುಕ್ತವಾದದ್ದು ಡಿಒಟಿ ಅಕ್ಷರಗಳ ಸಾಲಿನ ಕೊನೆಯಲ್ಲಿ ಒಂದು ಚಿಕ್ಕ ಅಂಡಾಕಾರದೊಳಗಿನ ನಾಲ್ಕು ಅಂಕಿ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರದ ತಯಾರಿ. ಸೆಕೆಂಡ್‌ಹ್ಯಾಂಡ್ ಟೈರು ಕೊಳ್ಳುವವರು ಗಟ್ಟೆಯ ಆಳಕ್ಕಿಂತ ಮೊದಲು ಇದನ್ನು ನೋಡಬೇಕು. ಗೋದಾಮಿನಲ್ಲಿ ಕೂತ ರಬ್ಬರೂ ಮುದಿಯಾಗುತ್ತದೆ. ಆರು ವರ್ಷ ದಾಟಿದ್ದರೆ, ಉಗುರು ಒತ್ತಿದಾಗ ಗಡುಸಾಗಿದ್ದರೆ, ಪಕ್ಕೆಯಲ್ಲಿ ಕೂದಲೆಳೆಯ ಬಿರುಕಿದ್ದರೆ ಗಟ್ಟೆ ಎಷ್ಟೇ ಇರಲಿ, ಕೈಬಿಡುವುದು ಮೇಲು. ಕಪ್ಪು ಪಾಲಿಶ್ ಬಳಿದ ಟೈರಿನ ಬಿರುಕು ಹೊರಗಿನಿಂದ ಕಾಣುವುದಿಲ್ಲ. ಒಳಗೆ ಕೈಯಾಡಿಸಿ ಪ್ಯಾಚು ಎಣಿಸಬೇಕು. ಹೊಸ ಟೈರಿನಲ್ಲಿ ಐಎಸ್‌ಐ ಗುರುತೂ ಇರಬೇಕು. ಸರಕು ವಾಹನದ ಟೈರಿಗೆ ಅನ್ವಯಿಸುವ ಮಾನಕ ಐಎಸ್ 15636.

ಅಗ್ಗದ ದಾರಿಗಳು

ಹೊಸ ಟೈರಿನ ಬೆಲೆ ಈಚೆಗೆ ಸ್ವಲ್ಪ ಕೈಗೆಟುಕುವಂತಾಗಿದೆ. 2025ರ ಸೆಪ್ಟೆಂಬರ್ 22ರಿಂದ ಅದರ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ದೇಶೀಯ ಕಂಪನಿಗಳ ಮಾಲು ಸಣ್ಣ ಊರಿನಲ್ಲೂ ಸಿಗುತ್ತದೆ. ಮೈಸೂರಿನಲ್ಲಿ ಹುಟ್ಟಿ 1997ರಲ್ಲಿ ಜೆ.ಕೆ. ಸಮೂಹದ ಪಾಲಾದ ವಿಕ್ರಾಂತ್ ಹೆಸರನ್ನು ಹಳೆಯ ಚಾಲಕರು ಈಗಲೂ ಮರೆತಿಲ್ಲ. ಹೊರದೇಶದ ದೊಡ್ಡ ಹೆಸರಿನ ಆಲ್ ಟೆರೈನ್ ಟೈರುಗಳು ಒಳ್ಳೆಯವೇ, ಆದರೆ ಹಳೆಯ ಪಿಕಪ್ಪಿನ ಅಳತೆಗೆ ಸಿಗುವುದು ಕಡಿಮೆ, ಸಿಕ್ಕರೂ ಒಂದರ ಬೆಲೆಗೆ ದೇಶೀಯವು ಎರಡು ಬರುವುದುಂಟು.

ಎರಡನೆಯ ದಾರಿ ಶೋರೂಮ್ ಟೈರು. ಹೊಸ ಗಾಡಿ ಕೊಂಡ ವಾರದಲ್ಲೇ ಅಗಲ ಟೈರು ಹಾಕಿಸುವ ಶೋಕಿಯವರು ಬೆಂಗಳೂರಿನಲ್ಲಿ ಬೇಕಾದಷ್ಟಿದ್ದಾರೆ. ಅವರು ಬಿಚ್ಚಿಟ್ಟ, ಹೆಚ್ಚುಕಡಿಮೆ ಸವೆಯದ ಟೈರುಗಳು ಅಲ್ಲಿಂದ ಎಪ್ಪತ್ತು ಕಿ.ಮೀ. ದೂರದ ತುಮಕೂರಿನವರಿಗೆ ಅಗ್ಗದ ಮಾಲು. ಅಳತೆ ಮತ್ತು ಭಾರದ ಸೂಚಿ ಹೊಂದುತ್ತವೆಯೇ ಎಂದು ನೋಡಿದರೆ ಸಾಕು.

ಮೂರನೆಯದು ರೀಟ್ರೆಡಿಂಗ್, ಊರವರ ಮಾತಿನಲ್ಲಿ ರೀಬಟನ್. ಸವೆದ ಟೈರನ್ನು ಯಂತ್ರಕ್ಕೆ ಕೂರಿಸಿ ಮೇಲ್ಮೈಯನ್ನು ಒಂದೇ ಸಮ ಉಜ್ಜುತ್ತಾರೆ. ಮುಳ್ಳು, ಮೊಳೆಯ ತೂತುಗಳು ಆಗ ಬಯಲಾಗುತ್ತವೆ. ಅವನ್ನು ತುಂಬಿ, ಅಂಟುರಬ್ಬರಿನ ತೆಳು ಹಾಳೆ ಸುತ್ತಿ, ಅದರ ಮೇಲೆ ಮೊದಲೇ ಬೆಂದ ಗಟ್ಟೆಯ ಪಟ್ಟಿ ಎಳೆದು, ಉರುಳೆಯಂಥ ಚೇಂಬರಿನಲ್ಲಿ 100 ಡಿಗ್ರಿ ಸೆಲ್ಸಿಯಸ್ಸಿಗೆ ಅಲ್ಪ ಮೇಲೆ ಕೆಲವು ಗಂಟೆ ಬೇಯಿಸುತ್ತಾರೆ. ಅಚ್ಚಿನೊಳಗೆ ಹಸಿ ರಬ್ಬರು ಬೇಯಿಸುವ ಹಳೆಯ ಬಿಸಿ ವಿಧಾನದಲ್ಲಿ ಉಷ್ಣತೆ 150ರ ಆಸುಪಾಸು ಏರುವುದರಿಂದ ಟೈರಿನ ದೇಹಕ್ಕೆ ಹೆಚ್ಚು ದಣಿವು. ಖರ್ಚು ಸಾಮಾನ್ಯವಾಗಿ ಹೊಸದರ ಅರ್ಧಕ್ಕಿಂತ ಕಡಿಮೆ, ಮೇಲಾಗಿ ಬೇಕಾದ ಲಗ್ ಪಟ್ಟಿಯನ್ನೇ ಆರಿಸಿಕೊಳ್ಳಬಹುದು. ಪಕ್ಕೆ ಹರಿದ, ಎಳೆ ಕಂಡ ಟೈರಿಗೆ ಇದು ಆಗದು. ರೀಬಟನ್ ಟೈರನ್ನು ಹಿಂದಿನ ಚಕ್ರಕ್ಕೆ ಹಾಕಬೇಕೇ ಹೊರತು ಮುಂದಿನದಕ್ಕೆ ಹಾಕುವ ಧೈರ್ಯ ಮಾಡಬಾರದು.

ಜಾಲಿ ಮುಳ್ಳಿನ ನಾಡಿನಲ್ಲಿ ಟ್ಯೂಬ್‌ಲೆಸ್ ಒಂದು ವರ. ಮುಳ್ಳು ನಾಟಿದರೂ ಗಾಳಿ ನಿಧಾನ ಇಳಿಯುತ್ತದೆ, ಚಕ್ರ ಬಿಚ್ಚದೆ ದಾರದಂಥ ಪಟ್ಟಿ ತೂರಿಸಿ ಮುಂದೆ ಹೋಗಬಹುದು. ಆದರೆ ಅಂಚು ತುಕ್ಕು ಹಿಡಿದ ಹಳೆಯ ಡಿಸ್ಕಿನಲ್ಲಿ ಅದು ಗಾಳಿ ನಿಲ್ಲಿಸುವುದಿಲ್ಲ. ಪಕ್ಕದಲ್ಲಿ ಬಿಚ್ಚುವ ರಿಂಗ್ ಇರುವ ಡಿಸ್ಕಿಗಂತೂ ಟ್ಯೂಬೂ ಫ್ಲ್ಯಾಪೂ ಬೇಕೇ ಬೇಕು. ಅಂಥ ಚಕ್ರಕ್ಕೆ ಗಾಳಿ ತುಂಬುವಾಗ ರಿಂಗ್ ಸರಿಯಾಗಿ ಕೂರದಿದ್ದರೆ ಸಿಡಿದು ಹಾರುತ್ತದೆ, ಪ್ರಾಣವೇ ಹೋಗಬಹುದು. ಪಂಕ್ಚರ್ ಅಂಗಡಿಯವರು ಅದರ ಮೇಲೆ ಸರಪಳಿ ಸುತ್ತುವುದು, ರಿಂಗಿನ ಎದುರು ನಿಲ್ಲದಿರುವುದು ಸುಮ್ಮನೆ ಅಲ್ಲ.

ಅಗಲ ಹೆಚ್ಚಿಸಿದಾಗ

ಅಗಲ ಟೈರಿನ ಆಸೆಗೆ ಒಂದು ಲೆಕ್ಕ ಉತ್ತರ ಹೇಳುತ್ತದೆ. 215/75 R15 ಟೈರಿನ ವ್ಯಾಸ ಸುಮಾರು 703 ಮಿ.ಮೀ., 235/75 R15ರದು 733. ವ್ಯಾಸ ಮೂವತ್ತು ಮಿ.ಮೀ. ಬೆಳೆದರೂ ಗಾಡಿ ನೆಲದಿಂದ ಮೇಲೇಳುವುದು ಹದಿನೈದೇ ಮಿ.ಮೀ. ಸ್ಪೀಡೋಮೀಟರ್ 60 ತೋರಿಸುವಾಗ ನಿಜವಾದ ವೇಗ 62.5. ಹೊರಕ್ಕೆ ಚಾಚುವುದು ಹತ್ತು ಮಿ.ಮೀ., ಇಷ್ಟಕ್ಕೆ ಫ್ಲೇರ್ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಜೀಪು ಪ್ರಿಯರ ಮೆಚ್ಚಿನ 31 ಇಂಚಿನ ಟೈರಿಗೆ ಹೋದರೆ ವ್ಯಾಸ 787 ಮಿ.ಮೀ., 60ಕ್ಕೆ 67ರ ವೇಗ, ಮೇಲೇರುವಾಗ ಎಂಜಿನ್ನಿಗೆ ಏದುಸಿರು, ಬ್ರೇಕಿಗೂ ಬೇರಿಂಗಿಗೂ ಹೆಚ್ಚುವರಿ ಭಾರ. ಆಗ ಟೈರು ಪ್ರತಿ ಬದಿಗೆ ಇಪ್ಪತ್ತಾರು ಮಿ.ಮೀ. ಹೊರಗೆ ಬರುತ್ತದೆ, ಡಿಸ್ಕನ್ನೂ ಬದಲಿಸಿದರೆ ಇನ್ನೂ ಹೆಚ್ಚು. ಫ್ಲೇರಿನ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ಸ್ಪೇಸರ್ ಬಿಲ್ಲೆ ಹಾಕಿ ಚಕ್ರ ಹೊರತಳ್ಳುವುದು ಹಳೆಯ ಹಬ್ಬಿಗೆ ಮಾಡುವ ದ್ರೋಹ.

ಫೆಂಡರ್ ಫ್ಲೇರ್

ಅಂದಕ್ಕಿಂತ ಮೊದಲು ಇದರ ಕೆಲಸ ಕಲ್ಲು, ಕೆಸರು ತಡೆಯುವುದು. ಹೊರಗೆ ಚಾಚಿದ ಲಗ್ ಟೈರು ಎಸೆದ ಜಲ್ಲಿ ಹಿಂದೆ ಬರುವ ಬೈಕಿನವನ ಮುಖಕ್ಕೆ ಬೀಳುತ್ತದೆ, ತನ್ನದೇ ಬಾಗಿಲಿನ ಬಣ್ಣವನ್ನೂ ಕೀಳುತ್ತದೆ. ಸಿಗುವ ಬಗೆಗಳು ಹಲವು. ಮೀಟರ್ ಲೆಕ್ಕದಲ್ಲಿ ಸಿಗುವ ರಬ್ಬರ್ ಪಟ್ಟಿ ಅತಿ ಅಗ್ಗ. ಎರಡು ಮೂರು ಸೆಂ.ಮೀ. ಮುಚ್ಚಿದರೆ ಸಾಕಾದವರಿಗೆ ಅದೇ ಸರಿ, ಬೇಲಿಗೆ ತಾಗಿದರೂ ಬಗ್ಗಿ ಮತ್ತೆ ನಿಲ್ಲುತ್ತದೆ. ಎಬಿಎಸ್ ಪ್ಲಾಸ್ಟಿಕ್ಕಿನದು ನೋಡಲು ಚೆಂದ, ಆದರೆ ಆಯಾ ಮಾದರಿಗೇ ಅಚ್ಚು ಹಾಕಿದ್ದಿರಬೇಕು, ಹಳೆಯ ಪಿಕಪ್ಪಿಗೆ ಹುಡುಕಿದರೂ ಸಿಗದು. ಫೈಬರಿನದನ್ನು ಕಮಾನಿನ ಅಳತೆ ಕೊಟ್ಟು ಮಾಡಿಸಿಕೊಳ್ಳಬಹುದು, ಒಡೆದರೆ ರಾಳ ಬಳಿದು ಬೆಸೆಯಬಹುದು. ತಗಡಿನದನ್ನು ಟಿಂಕರಿಂಗ್‌ನವರು ಬೆಸುಗೆ ಹಾಕಿ ಕೊಡುತ್ತಾರೆ, ಗಟ್ಟಿಯೇನೋ ಹೌದು, ತುಕ್ಕಿನ ತವರೂ ಹೌದು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ತಯಾರಾದವು ಸಿಗುತ್ತವೆ. ಗುಜರಿಯಲ್ಲಿ ಸಿಕ್ಕ ಕನ್ವೇಯರ್ ಬೆಲ್ಟಿನ ತುಂಡಿನಿಂದ ಮಡ್‌ಫ್ಲ್ಯಾಪ್ ಕತ್ತರಿಸಿ ಹಾಕುವ ಲಾರಿ ಜಾಣ್ಮೆಯನ್ನೂ ಕಡೆಗಣಿಸಬೇಕಿಲ್ಲ.

ಕೂರಿಸುವ ಮೊದಲು ಕಮಾನಿನ ಒಳಭಾಗ ತೊಳೆದು ನೋಡಬೇಕು. ಹಳೆಯ ಗಾಡಿಯಲ್ಲಿ ಮಡಿಸಿದ ಅಂಚಿನೊಳಗೆ ವರ್ಷಗಳ ಕೆಮ್ಮಣ್ಣು ಕೂತು ತೇವ ಹಿಡಿದಿರುತ್ತದೆ. ಸ್ಕ್ರೂಡ್ರೈವರ್ ಮೊನೆ ಒತ್ತಿದರೆ ಬಣ್ಣದಡಿಯ ತಗಡು ಹಪ್ಪಳದಂತೆ ಕುಸಿಯುವುದುಂಟು. ಅದರ ಮೇಲೆ ಫ್ಲೇರ್ ಬಿಗಿದರೆ ತುಕ್ಕನ್ನು ಮುಚ್ಚಿಟ್ಟಂತೆ, ಮುಂದಿನ ಮಳೆಗಾಲಕ್ಕೆ ಸ್ಕ್ರೂ ಸಮೇತ ಕಳಚುತ್ತದೆ. ಕೊಳೆತದ್ದನ್ನು ಕತ್ತರಿಸಿ, ಹೊಸ ತಗಡು ಬೆಸೆದು, ರೆಡ್ ಆಕ್ಸೈಡ್ ಹೊಡೆದು, ಕೊರೆದ ಪ್ರತಿ ತೂತಿನ ಅಂಚಿಗೂ ಬಣ್ಣ ಮುಟ್ಟಿಸಿ, ನಡುವೆ ರಬ್ಬರ್ ಬೀಡಿಂಗ್ ಇಟ್ಟು ಬಿಗಿಯಬೇಕು. ಕೆಳತುದಿಯಲ್ಲಿ ನೀರು ಇಳಿಯಲು ಸಂದು ಬಿಡಬೇಕು. ಕೊನೆಗೆ ಹೊರೆ ಹೇರಿ, ಒಂದು ಚಕ್ರವನ್ನು ದಿಣ್ಣೆಗೆ ಹತ್ತಿಸಿ, ಸ್ಟೇರಿಂಗ್ ಎರಡೂ ಕಡೆ ಪೂರ್ತಿ ತಿರುಗಿಸಿ ಟೈರು ಎಲ್ಲಾದರೂ ಉಜ್ಜುತ್ತದೆಯೇ ನೋಡಬೇಕು. ಖಾಲಿ ನಿಂತ ಗಾಡಿಯಲ್ಲಿ ಕಂಡ ಅಂತರ ನಂಬಿಕೆಗೆ ಅರ್ಹವಲ್ಲ.

ಕಾನೂನು

ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ತಯಾರಕರು ಮೂಲತಃ ಕೊಟ್ಟ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನವನ್ನು ಬದಲಿಸುವಂತಿಲ್ಲ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಕಲಮಿನಡಿ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆ, ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ ಆಗಬಹುದು. ಅಪಘಾತವಾದರೆ ವಿಮಾ ಕಂಪನಿಯೂ ಇದೇ ನೆಪ ಎತ್ತಬಹುದು. ಕಂಪನಿ ಅಳತೆಯ ಲಗ್ ಅಥವಾ ಆಲ್ ಟೆರೈನ್ ಟೈರಿಗೆ ಈ ಭಯವಿಲ್ಲ.

ಕೈಯಲ್ಲಿರುವ ದುಡ್ಡು ಸೀಮಿತವಾಗಿದ್ದರೆ ಮೊದಲು ಮುಂದಿನ ಎರಡು ಹೊಸ ಟೈರು, ಆಮೇಲೆ ಹಿಂದಕ್ಕೆ ಒಳ್ಳೆಯ ರೀಬಟನ್ ಲಗ್, ಆಮೇಲೆ ಮಡ್‌ಗಾರ್ಡಿನ ತುಕ್ಕು ತೆಗೆಸುವುದು. ಫ್ಲೇರ್ ಕಟ್ಟಕಡೆಗೆ, ಅದೂ ಅಗತ್ಯ ಬಿದ್ದರೆ. ಕಾಗದಪತ್ರದ ಗಡುವನ್ನೂ ಮರೆಯಬಾರದು: ಎಂಟು ವರ್ಷ ದಾಟಿದ ಸರಕು ವಾಹನಕ್ಕೆ ಪ್ರತಿ ವರ್ಷ ಯೋಗ್ಯತಾ ತಪಾಸಣೆ, ಅಂದರೆ ಎಫ್‌.ಸಿ. ಆಗಬೇಕು, ಹದಿನೈದು ವರ್ಷ ದಾಟಿದ ಖಾಸಗಿ ಜೀಪಿನ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. ನಾಲ್ಕು ಚಕ್ರದ ವಾಹನಗಳ ಟೈರಿನ ಗಟ್ಟೆಗೆ ನಿಯಮ ಗೊತ್ತುಪಡಿಸಿರುವ ಕನಿಷ್ಠ ಆಳ 1.6 ಮಿ.ಮೀ.