ಮೂರು ಅಕ್ಷರ, 21 ಬೈಟ್: ಸಿ ಭಾಷೆಯ ಪಠ್ಯಕಡತ ಅಭ್ಯಾಸಗಳು ಮತ್ತು ಉತ್ತರ ಕನ್ನಡದ ನಾಲ್ಕು ಊರಹೆಸರುಗಳು

ಸಾರಾಂಶ

ಸಿ ಕಲಿಯಲು ತೊಡಗಿದವರಿಗೆ ಕೊಡುವ ಕಡತದ ಅಭ್ಯಾಸಗಳು ಸಾಮಾನ್ಯವಾಗಿ ಮೂರು ಬಗೆಯವು: ನಕಲು ಮಾಡುವುದು, ಎಣಿಸುವುದು, ಎರಡು ಕಡತಗಳನ್ನು ಜೋಡಿಸುವುದು. ಮೂರೂ ಇಂಗ್ಲಿಷ್ ಪಠ್ಯವನ್ನು ಗೃಹೀತ ಹಿಡಿದು ರಚನೆಯಾಗಿವೆ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡ ಎಂಬ ನಾಲ್ಕು ಹೆಸರುಗಳ ಪುಟ್ಟ ಕಡತವೊಂದನ್ನು ಈ ಅಭ್ಯಾಸಗಳಿಗೆ ಒಡ್ಡಿ, ಎಲ್ಲಿ ಅವು ಸರಿಯಾಗಿ ನಡೆಯುತ್ತವೆ, ಎಲ್ಲಿ ಎಡವುತ್ತವೆ ಎಂದು ಈ ಲೇಖನ ಪರಿಶೀಲಿಸುತ್ತದೆ. ಪ್ರೋಗ್ರಾಮಿನ ತಪ್ಪುಗಳನ್ನು ವರ್ಗೀಕರಿಸಲು ಗ್ರಂಥಸಂಪಾದನಶಾಸ್ತ್ರದ ಪರಿಭಾಷೆ ಒದಗಿಬರುತ್ತದೆ ಎಂಬುದು ಇಲ್ಲಿನ ಒಂದು ವಾದ. ಸ್ಥಳೀಯ ಪಠ್ಯ ಬಳಸಿದರೆ ಇಂಗ್ಲಿಷ್ ಪಠ್ಯ ಮುಚ್ಚಿಡುವ ತಪ್ಪುಗಳು ಮೊದಲ ದಿನವೇ ಕಣ್ಣಿಗೆ ಬೀಳುತ್ತವೆ ಎಂಬುದು ಇನ್ನೊಂದು.

ಪ್ರಮುಖ ಪದಗಳು: ಸಿ ಭಾಷೆ, ಪಠ್ಯಕಡತ, ಬೈಟ್, ಯುಟಿಎಫ್-8, ಪ್ರತಿಕಾರ, ಉತ್ತರ ಕನ್ನಡ

1. ಪೀಠಿಕೆ

‘ಫೈಲ್’ ಎಂಬುದಕ್ಕೆ ನಾವು ಕೊಟ್ಟಿರುವ ‘ಕಡತ’ ಎಂಬ ಹೆಸರು ಸರ್ಕಾರಿ ಕಚೇರಿಗಿಂತ ಬಹಳ ಹಳೆಯದು. ಹುಣಸೆಬೀಜದ ಸರಿ ಮತ್ತು ಇದ್ದಿಲಪುಡಿ ಬಳಿದು ಗಟ್ಟಿಮಾಡಿದ ಕಪ್ಪು ಬಟ್ಟೆಯ ಪಟ್ಟಿಯನ್ನು ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುತ್ತಿದ್ದ ಲೆಕ್ಕದ ಪುಸ್ತಕವೇ ಕಡತ. ಶೃಂಗೇರಿ ಮಠದ ಕಡತಗಳು ಇಂದಿಗೂ ಚರಿತ್ರೆಯ ಆಕರಗಳಾಗಿವೆ. ಕಡತವನ್ನು ಮೊದಲಿಂದ ಕೊನೆಯವರೆಗೆ ಬಿಡಿಸುತ್ತಾ ಓದಬೇಕು, ಕೊನೆಯ ಮಡಿಕೆಯಲ್ಲಿ ಮುಂದುವರಿಸಿ ಬರೆಯಬಹುದು, ಬೇಡವೆಂದರೆ ಒರೆಸಿ ಹೊಸದಾಗಿ ತೊಡಗಬಹುದು. ಸಿ ಭಾಷೆಯ ಎಫ್‌ಓಪನ್ ಫಂಕ್ಷನ್ನಿಗೆ ಕೊಡುವ ಮೂರು ಮೂಲ ವಿಧಾನಗಳು ಇವೇ: ಓದಲು ‘ಆರ್’, ಕೊನೆಗೆ ಸೇರಿಸಲು ‘ಎ’, ಒರೆಸಿ ಬರೆಯಲು ‘ಡಬ್ಲ್ಯು’. ಹಳಿಯಾಳದಿಂದ ದಾಂಡೇಲಿ ಬೇರ್ಪಟ್ಟು ತಾಲ್ಲೂಕಾದಾಗ ಜಿಲ್ಲೆಯ ತಾಲ್ಲೂಕುಪಟ್ಟಿಗೆ ಹನ್ನೆರಡನೆಯ ಸಾಲು ಬೇಕಾಯಿತು. ಆ ಸಾಲನ್ನು ‘ಎ’ ಬಳಸಿ ಸೇರಿಸಿದ ವಿದ್ಯಾರ್ಥಿಯ ಬಳಿ ಹನ್ನೆರಡು ಹೆಸರು ಉಳಿಯುತ್ತವೆ. ‘ಡಬ್ಲ್ಯು’ ಬಳಸಿದವನ ಬಳಿ ಒಂದೇ.

ಸಿ ಭಾಷೆ 1970ರ ದಶಕದ ಆರಂಭದಲ್ಲಿ ಬೆಲ್ ಪ್ರಯೋಗಾಲಯದಲ್ಲಿ ಡೆನಿಸ್ ರಿಚಿ ಅವರ ಕೈಯಲ್ಲಿ ರೂಪುಗೊಂಡಿತು. ಅದರ ಕಣ್ಣಿಗೆ ಕಡತವೆಂದರೆ ಬೈಟ್‌ಗಳ ಒಂದು ಸಾಲು. ಅಕ್ಷರ, ಪದ, ವಾಕ್ಯ ಯಾವುದೂ ಅದಕ್ಕೆ ತಿಳಿಯದು. ಪುಟ್ಟದಾಗಿ ಕಾಣುವ ಈ ಸಂಗತಿಯೇ ಮುಂದಿನ ಚರ್ಚೆಯ ತಿರುಳು.

2. ಪಠ್ಯಕ್ರಮದಲ್ಲಿ ಎರಡು ಪ್ರಶ್ನೆಗಳು

ಹಳಿಯಾಳದಲ್ಲಿರುವ ಕೆ.ಎಲ್.ಎಸ್. ವಿಶ್ವನಾಥರಾವ್ ದೇಶಪಾಂಡೆ ತಾಂತ್ರಿಕ ಮಹಾವಿದ್ಯಾಲಯ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದ್ದು. ಈ ವಿಶ್ವವಿದ್ಯಾಲಯದ ಮೊದಲ ವರ್ಷದ ಸಿ ಪ್ರಯೋಗಪಟ್ಟಿಗಳಲ್ಲಿ ಕಡತದ ಪ್ರಶ್ನೆ ಎರಡು ರೂಪಗಳಲ್ಲಿ ಬಂದಿದೆ. 2015ರ ಯೋಜನೆಯಲ್ಲಿದ್ದದ್ದು ಜೋಡಣೆಯ ಪ್ರಶ್ನೆ: ಒಂದು ಕಡತದಲ್ಲಿ ವಿದ್ಯಾರ್ಥಿಗಳ ಹೆಸರು, ಇನ್ನೊಂದರಲ್ಲಿ ಅವರ ಯು.ಎಸ್.ಎನ್. ಎಂಬ ವಿಶ್ವವಿದ್ಯಾಲಯದ ನೋಂದಣಿ ಸಂಖ್ಯೆ; ಎರಡನ್ನೂ ಸಾಲುಸಾಲಾಗಿ ಹೊಂದಿಸಿ ಮೂರನೆಯ ಕಡತ ತಯಾರಿಸಿ ಪರದೆಯ ಮೇಲೆ ತೋರಿಸಬೇಕು. 2022ರ ಯೋಜನೆಯಲ್ಲಿರುವುದು ನಕಲಿನ ಪ್ರಶ್ನೆ: ಮೂಲ ಮತ್ತು ಗುರಿ ಕಡತಗಳ ಹೆಸರನ್ನು ಬಳಕೆದಾರರಿಂದ ಕೇಳಿ ಪಡೆದು ಒಂದನ್ನು ಇನ್ನೊಂದಕ್ಕೆ ಪ್ರತಿ ಮಾಡಬೇಕು.

ಯು.ಎಸ್.ಎನ್. ಹತ್ತು ಅಕ್ಷರಗಳ ಶಿಸ್ತಿನ ಸಂಖ್ಯೆ: ವಲಯದ ಅಂಕಿ, ಕಾಲೇಜಿನ ಎರಡು ಅಕ್ಷರ, ವರ್ಷದ ಎರಡು ಅಂಕಿ, ವಿಭಾಗದ ಎರಡು ಅಕ್ಷರ, ಕ್ರಮಾಂಕದ ಮೂರು ಅಂಕಿ. ಹಳಿಯಾಳದ ಕಾಲೇಜಿನದು ಬೆಳಗಾವಿ ವಲಯದ 2 ಮತ್ತು ‘ವಿಡಿ’ ಎಂದು ತೊಡಗುತ್ತದೆ. ಹತ್ತು ಅಕ್ಷರಕ್ಕೆ ಹತ್ತು ಬೈಟ್. ನಡುವೆ ಖಾಲಿ ಜಾಗವಿಲ್ಲ. ಹೆಸರಿನ ಕಡತ ಇಷ್ಟು ಸಾಧುವಲ್ಲ.

3. ಸಾಮಗ್ರಿ ಮತ್ತು ಎಣಿಕೆ

ಪರೀಕ್ಷೆಗೆ ತೆಗೆದುಕೊಂಡ ಕಡತದಲ್ಲಿ ಇರುವುದು ನಾಲ್ಕೇ ಸಾಲು, ಪ್ರತಿ ಸಾಲಿನ ಕೊನೆಗೂ ಎಂಟರ್. ಸಂಕೇತನ ಯುಟಿಎಫ್-8. ಇದನ್ನು 1992ರಲ್ಲಿ ರೂಪಿಸಿದ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ಅದೇ ಬೆಲ್ ಪ್ರಯೋಗಾಲಯದವರು. ಈ ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್, ಕನ್ನಡದ ಪ್ರತಿ ಸಂಕೇತಕ್ಕೆ ಮೂರು. ‘ದ’ ಎಂದರೆ ಕಡತದಲ್ಲಿ 224, 178, 166 ಎಂಬ ಮೂರು ಸಂಖ್ಯೆಗಳು. ಕಾಗುಣಿತದ ಚಿಹ್ನೆಗೂ ಅನುಸ್ವಾರಕ್ಕೂ ಬೇರೆ ಬೇರೆ ಮೂರು ಬೈಟ್ ಬೇಕು.

ದಾಂಡೇಲಿ: 3 ಅಕ್ಷರ, 7 ಸಂಕೇತ, 21 ಬೈಟ್
ಹಳಿಯಾಳ: 4 ಅಕ್ಷರ, 6 ಸಂಕೇತ, 18 ಬೈಟ್
ಜೋಯಿಡಾ: 3 ಅಕ್ಷರ, 6 ಸಂಕೇತ, 18 ಬೈಟ್
ಮುಂಡಗೋಡ: 4 ಅಕ್ಷರ, 7 ಸಂಕೇತ, 21 ಬೈಟ್

ಒಟ್ಟು 14 ಅಕ್ಷರ, 26 ಸಂಕೇತ, 78 ಬೈಟ್. ನಾಲ್ಕು ಎಂಟರ್ ಸೇರಿ 82. ‘ಕಡತದಲ್ಲಿ ಎಷ್ಟು ಅಕ್ಷರಗಳಿವೆ ಎಣಿಸಿ’ ಎಂಬ ಪಠ್ಯಪುಸ್ತಕದ ಅಭ್ಯಾಸವನ್ನು ಒಂದೊಂದೇ ಬೈಟ್ ಓದುವ ಎಫ್‌ಗೆಟ್‌ಸಿ ಬಳಸಿ ಮಾಡಿದರೆ ಉತ್ತರ 82. ವಿಂಡೋಸ್‌ನಲ್ಲಿ ಅದೇ ಕಡತ ಡಿಸ್ಕಿನ ಮೇಲೆ 86 ಬೈಟ್ ತೂಗುತ್ತದೆ. ಅಲ್ಲಿ ಪ್ರತಿ ಸಾಲಿನ ಕೊನೆಗೆ ಎರಡು ಬೈಟ್ ಇರುತ್ತವೆ, ಪಠ್ಯವಿಧಾನದಲ್ಲಿ ಓದುವಾಗ ಸಿ ಗ್ರಂಥಾಲಯ ಅವೆರಡನ್ನು ಒಂದಾಗಿಸಿ ಕೊಡುತ್ತದೆ. ಹಳೆಯ ನೋಟ್‌ಪ್ಯಾಡ್ ಯುಟಿಎಫ್-8 ಆಗಿ ಉಳಿಸುವಾಗ ಮುಂದೆ ಮೂರು ಗುರುತಿನ ಬೈಟ್ ಅಂಟಿಸುತ್ತಿತ್ತು. ಆಗ ಡಿಸ್ಕಿನಲ್ಲಿ 89, ಪ್ರೋಗ್ರಾಮಿನಲ್ಲಿ 85. ನಾಲ್ಕು ಉತ್ತರಗಳಲ್ಲಿ ಯಾವುದೂ ಯಂತ್ರದ ತಪ್ಪಲ್ಲ. ಅಕ್ಷರವೆಂದರೆ ಏನೆಂದು ಪ್ರಶ್ನೆಯೇ ಹೇಳಿಲ್ಲ.

4. ಓದು ಬಾರದ ಪ್ರತಿಕಾರ

ನಕಲಿನ ಪ್ರಶ್ನೆಗೆ ಈ ತೊಡಕಿಲ್ಲ. ಒಂದು ಬೈಟ್ ಓದು, ಒಂದು ಬೈಟ್ ಬರೆ ಎಂಬ ಪ್ರೋಗ್ರಾಮು ಕನ್ನಡವನ್ನು ಒಂದಿನಿತೂ ಅರಿಯದೆ ಕನ್ನಡವನ್ನು ನಿಖರವಾಗಿ ಪ್ರತಿ ಮಾಡುತ್ತದೆ. ಓಲೆಗರಿಯಲ್ಲಿ ತನಗೆ ತಿಳಿಯದ ಶಾಸ್ತ್ರವನ್ನೂ ಗೆರೆ ತಪ್ಪದಂತೆ ಬರೆದಿಡುತ್ತಿದ್ದ ಪ್ರತಿಕಾರನ ಕೆಲಸ ಇದು. ಪ್ರತಿಕಾರರ ತಪ್ಪುಗಳಿಗೆ ಗ್ರಂಥಸಂಪಾದಕರು ಹೆಸರಿಟ್ಟಿದ್ದಾರೆ. ಕಡತದ ಅಭ್ಯಾಸಗಳಲ್ಲಿ ಹೊಸಬರು ಮಾಡುವ ತಪ್ಪುಗಳು ಆ ಹೆಸರುಗಳ ಕೆಳಗೆ ಚೆನ್ನಾಗಿ ಕೂರುತ್ತವೆ.

ಮೊದಲನೆಯದು ಪುನರುಕ್ತಿ. ‘ಕಡತ ಮುಗಿದಿಲ್ಲವಾದರೆ ಓದು’ ಎಂದು ಎಫ್‌ಇಒಎಫ್ ಬಳಸಿ ಲೂಪ್ ಕಟ್ಟಿದವರಿಗೆ ‘ಮುಂಡಗೋಡ’ ಎರಡು ಸಲ ಕಾಣಿಸುತ್ತದೆ. ಎಫ್‌ಇಒಎಫ್ ಮುಂದೆ ಏನಿದೆ ಎಂದು ಇಣುಕಿ ನೋಡುವುದಿಲ್ಲ. ಓದಲು ಹೋಗಿ ಬರಿಗೈಯಲ್ಲಿ ಮರಳಿದ ಮೇಲಷ್ಟೇ ಹೌದು ಎನ್ನುತ್ತದೆ. ನಾಲ್ಕನೆಯ ಸಾಲಿನ ನಂತರ, ಒಂದೊಂದೇ ಸಾಲು ಓದುವ ಎಫ್‌ಗೆಟ್ಸ್ ಸೋತರೂ ಹಳೆಯ ಸಾಲು ಅರೇಯಲ್ಲಿ ಹಾಗೇ ಕುಳಿತಿರುತ್ತದೆ, ಅದೇ ಮತ್ತೆ ಅಚ್ಚಾಗುತ್ತದೆ. ಕೊನೆಯ ಸಾಲಿಗೆ ಎಂಟರ್ ಒತ್ತದಿದ್ದರೆ, ಆ ಸಾಲನ್ನು ಓದುವಾಗಲೇ ಕಡತದ ಕೊನೆ ತಾಗುವುದರಿಂದ, ಈ ದೋಷ ಮರೆಯಾಗುತ್ತದೆ. ಒಬ್ಬನ ಕಂಪ್ಯೂಟರಿನಲ್ಲಿ ಸರಿ, ಪಕ್ಕದವಳದರಲ್ಲಿ ತಪ್ಪು ಎಂಬ ಗೊಂದಲದ ಮೂಲ ಇಲ್ಲಿದೆ.

ಎರಡನೆಯದು ಲೋಪ. ಎಂಟರ್‌ಗಳನ್ನು ಎಣಿಸಿ ಸಾಲುಗಳೆಂದು ಹೇಳುವ ಪ್ರೋಗ್ರಾಮು, ಕೊನೆಯ ಎಂಟರ್ ಇಲ್ಲದ ಆ ಸಂದರ್ಭದಲ್ಲಿ, ಮೂರು ಎನ್ನುತ್ತದೆ. ಮುಂಡಗೋಡ ಲೆಕ್ಕದಿಂದ ಬಿಟ್ಟುಹೋಗುತ್ತದೆ.

ಮೂರನೆಯದು ಪ್ರಕ್ಷೇಪ. ಅದೇ ಎಫ್‌ಇಒಎಫ್ ಲೂಪಿನಲ್ಲಿ ಬೈಟ್‌ಗಳನ್ನು ನಕಲು ಮಾಡಿದರೆ, ಕಡತ ಮುಗಿದ ಸೂಚನೆಯಾದ ಇಒಎಫ್ ಕೂಡ ಬರೆಯಲ್ಪಡುತ್ತದೆ. ಸಾಮಾನ್ಯವಾಗಿ ಅದರ ಬೆಲೆ ಮೈನಸ್ 1. ಬೈಟ್ ಆಗಿ ಬಿದ್ದಾಗ 255. 82 ಬೈಟ್‌ನ ಮೂಲಕ್ಕೆ 83 ಬೈಟ್‌ನ ಪ್ರತಿ. ಯುಟಿಎಫ್-8ರಲ್ಲಿ 255 ಎಂಬ ಬೈಟ್‌ಗೆ ಎಲ್ಲೂ ಜಾಗವಿಲ್ಲ, ಆದ್ದರಿಂದ ಅದು ಕೂಡಲೇ ಸಿಕ್ಕಿಬೀಳುತ್ತದೆ. ಓದಿದ ಬೈಟನ್ನು ಇಂಟ್ ಬದಲು ಕ್ಯಾರ್‌ನಲ್ಲಿ ಇಡುವ ಇನ್ನೊಂದು ತಪ್ಪಿನ ಕಥೆ ಇದಕ್ಕೆ ತಿರುಗುಮುರುಗು: ಕ್ಯಾರ್ ಋಣಸಂಖ್ಯೆಯನ್ನೂ ಹಿಡಿಯುವ ಯಂತ್ರದಲ್ಲಿ ನಿಜವಾದ 255 ಬಂದರೆ ಮಾತ್ರ ಓದು ಅರ್ಧಕ್ಕೆ ನಿಲ್ಲುತ್ತದೆ. ಯುಟಿಎಫ್-8 ಕನ್ನಡದಲ್ಲಿ ಆ ಬೈಟ್ ಬರುವುದೇ ಇಲ್ಲವಾದ್ದರಿಂದ ತಪ್ಪು ಅಡಗಿ ಕೂರುತ್ತದೆ. ಸ್ಥಳೀಯ ಪಠ್ಯ ಎಲ್ಲವನ್ನೂ ಬಯಲಿಗೆಳೆಯುತ್ತದೆ ಎಂದು ಹೇಳುವಂತಿಲ್ಲ.

ಎಲ್ಲಕ್ಕಿಂತ ದೊಡ್ಡ ಅಪಾಯ 2022ರ ಪ್ರಶ್ನೆಯ ಮಾತಿನಲ್ಲೇ ಇದೆ. ಎರಡು ಹೆಸರುಗಳನ್ನೂ ಬಳಕೆದಾರ ಕೊಡುವುದರಿಂದ ಎರಡೂ ಕಡೆ ಒಂದೇ ಹೆಸರು ಬರಬಹುದು. ‘ಡಬ್ಲ್ಯು’ ತೆರೆದ ಕ್ಷಣವೇ ಕಡತ ಒರೆಸಿಹೋಗಿ, ನಕಲು ಮಾಡಲು ಏನೂ ಉಳಿಯುವುದಿಲ್ಲ. ಇಲ್ಲಿ ಪ್ರತಿಕಾರ ಮೂಲವನ್ನೇ ಕೆರೆದು ಹಾಕಿದ್ದಾನೆ.

5. ಪಲ್ಲಟ: ಹೆಸರು ಯಾರದು, ಸಂಖ್ಯೆ ಯಾರದು?

ನಾಲ್ಕನೆಯ ದೋಷವಾದ ಪಲ್ಲಟ 2015ರ ಪ್ರಶ್ನೆಯಲ್ಲಿ ಕಾಣಿಸಿಕೊಳ್ಳುತ್ತದೆ. ಎಫ್‌ಸ್ಕ್ಯಾನ್‌ಎಫ್‌ಗೆ ‘ಪರ್ಸೆಂಟ್ ಎಸ್’ ಕೊಟ್ಟರೆ ಅದು ಖಾಲಿ ಜಾಗ ಕಂಡಲ್ಲಿ ನಿಲ್ಲುತ್ತದೆ. ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂದು ಮೂರು ಪದ ಬರೆಯುವುದು ಈ ಭಾಗದಲ್ಲಿ ವಾಡಿಕೆ. ನಲವತ್ತು ವಿದ್ಯಾರ್ಥಿಗಳ ಕಡತದಲ್ಲಿ 120 ಪದಗಳಿರುತ್ತವೆ, ಯು.ಎಸ್.ಎನ್. 40 ಮಾತ್ರ. ಮೊದಲ ಮೂರು ಸಂಖ್ಯೆಗಳು ಒಬ್ಬಳೇ ವಿದ್ಯಾರ್ಥಿನಿಗೂ ಅವಳ ತಂದೆಗೂ ಮನೆತನಕ್ಕೂ ಹಂಚಿಹೋಗುತ್ತವೆ. ಸಂಖ್ಯೆಗಳು ಮುಗಿಯುವ ಹೊತ್ತಿಗೆ ಹದಿಮೂರು ಮಂದಿಯ ಹೆಸರು ಪೂರ್ಣವಾಗಿ, ಹದಿನಾಲ್ಕನೆಯವರ ಮೊದಲ ಪದ ಮಾತ್ರ ಅಚ್ಚಾಗಿರುತ್ತದೆ. ಒಂಟಿಪದದ ಹೆಸರುಗಳನ್ನಿಟ್ಟು ಪರೀಕ್ಷಿಸಿದವರಿಗೆ ಇದು ಎಂದೂ ತಿಳಿಯದು.

ಮುಂಡಗೋಡ ಇದಕ್ಕೆ ಕುತೂಹಲದ ಪ್ರತ್ಯುದಾಹರಣೆ ಒದಗಿಸುತ್ತದೆ. 1966ರಲ್ಲಿ ನೆಲೆಗೊಂಡ ಅಲ್ಲಿನ ಟಿಬೆಟನ್ ವಸಾಹತಿನಲ್ಲಿ ಡ್ರೆಪುಂಗ್ ಮತ್ತು ಗಾಂಡೆನ್ ಮಠಗಳಿವೆ. ಎರಡು ಪದಗಳ ಟಿಬೆಟನ್ ಹೆಸರನ್ನು ಕನ್ನಡದಲ್ಲೋ ರೋಮನ್‌ನಲ್ಲೋ ಬರೆದರೆ ನಡುವೆ ಖಾಲಿ ಜಾಗವಿರುತ್ತದೆ, ಪಲ್ಲಟ ತಪ್ಪದು. ಟಿಬೆಟನ್ ಲಿಪಿಯಲ್ಲೇ ಬರೆದರೆ ಪದಗಳ ನಡುವೆ ಖಾಲಿ ಬಿಡುವ ಪದ್ಧತಿಯಿಲ್ಲ. ಉಚ್ಚಾರದ ಘಟಕಗಳನ್ನು ‘ತ್ಸೆಗ್’ ಎಂಬ ಚುಕ್ಕೆ ಬೇರ್ಪಡಿಸುತ್ತದೆ, ಅದು ಎಫ್‌ಸ್ಕ್ಯಾನ್‌ಎಫ್ ಕಣ್ಣಿಗೆ ಖಾಲಿ ಜಾಗವಲ್ಲ. ಹೆಸರು ಇಡಿಯಾಗಿ ಬರುತ್ತದೆ. ಆದರೆ ಪದಗಳನ್ನು ಎಣಿಸುವ ಅಭ್ಯಾಸ ಅಲ್ಲಿ ಇಡೀ ನುಡಿಗಟ್ಟನ್ನು ಒಂದೇ ಪದವೆಂದುಬಿಡುತ್ತದೆ. ಪದವೆಂದರೆ ಎರಡು ಖಾಲಿಗಳ ನಡುವಿನದು ಎಂಬ ವ್ಯಾಖ್ಯೆ ಲಿಪಿಯಿಂದ ಲಿಪಿಗೆ ಬದಲಾಗುತ್ತದೆ.

ಅಳತೆಯ ಪ್ರಶ್ನೆಯೂ ಇದೆ. ಹೆಸರಿಗೆ 20ರ ಅರೇ ಸಾಕೆಂದು ಅನೇಕರು ಬರೆಯುತ್ತಾರೆ. ಮೂರೇ ಅಕ್ಷರದ ದಾಂಡೇಲಿಗೆ ಕೊನೆಯ ಸೊನ್ನೆ ಬೈಟ್ ಸೇರಿ 22 ಬೇಕು. ತೇನ್‌ಜಿನ್ ಎಂಬ ಸಾಮಾನ್ಯ ಹೆಸರಿಗೆ ಟಿಬೆಟನ್ ಲಿಪಿಯಲ್ಲಿ ಸೊನ್ನೆ ಬಿಟ್ಟೇ 27. ಎಫ್‌ಸ್ಕ್ಯಾನ್‌ಎಫ್ ಎಲ್ಲೆ ಮೀರಿ ಪಕ್ಕದ ನೆನಪಿನ ಜಾಗವನ್ನು ತುಳಿಯುತ್ತದೆ. ಎಫ್‌ಗೆಟ್ಸ್ ಎಲ್ಲೆ ಮೀರುವುದಿಲ್ಲ, ಬದಲಿಗೆ 19 ಬೈಟ್‌ಗೆ ನಿಲ್ಲುತ್ತದೆ: ‘ದಾಂಡೇಲ’ ಮತ್ತು ಗುಡಿಸಿನ ಮೂರರಲ್ಲಿ ಒಂದು ತುಂಡು. ಮುಂದಿನ ಓದಿಗೆ ಬರುವುದು ಉಳಿದೆರಡು ತುಂಡು.

6. ಸೂಪಾ, ಜೋಯಿಡಾ ಮತ್ತು ತಿದ್ದುಪಡಿ

ಕಡತದೊಳಗೆ ಒಂದು ಪದ ತೆಗೆದು ಇನ್ನೊಂದನ್ನು ಇಡುವುದು ಹೊಸಬರ ಮತ್ತೊಂದು ಮಾಮೂಲಿ ಅಭ್ಯಾಸ. ಕಾಳಿ ನದಿಯ ಅಣೆಕಟ್ಟಿನಲ್ಲಿ ಸೂಪಾ ಊರು ಮುಳುಗಿದ ಮೇಲೆ ತಾಲ್ಲೂಕಿಗೆ ಜೋಯಿಡಾ ಕೇಂದ್ರವಾಯಿತು. ಹಳೆಯ ದಾಖಲೆಯ ‘ಸೂಪಾ ತಾಲ್ಲೂಕು’ ಈಗ ‘ಜೋಯಿಡಾ ತಾಲ್ಲೂಕು’ ಆಗಬೇಕೆನ್ನೋಣ. ಸೂಪಾ 12 ಬೈಟ್, ಜೋಯಿಡಾ 18. ಓದಲೂ ಬರೆಯಲೂ ಬರುವ ‘ಆರ್ ಪ್ಲಸ್’ ವಿಧಾನದಲ್ಲಿ ಅದೇ ಜಾಗದ ಮೇಲೆ ಬರೆದರೆ ಮುಂದಿನ ಆರು ಬೈಟ್‌ಗಳು ಅಳಿಯುತ್ತವೆ: ಖಾಲಿ ಜಾಗ, ‘ತ’, ಮತ್ತು ಅದರ ಇಳಿಯ (ಾ) ಮೊದಲೆರಡು ಬೈಟ್. 190 ಎಂಬ ಒಂಟಿ ಬೈಟ್ ಅನಾಥವಾಗಿ ಉಳಿಯುತ್ತದೆ. ಕಡತ ನಡುವೆ ಹಿಗ್ಗುವುದಿಲ್ಲ. ತಾತ್ಕಾಲಿಕ ಕಡತವೊಂದಕ್ಕೆ ತಿದ್ದುತ್ತಾ ನಕಲು ಮಾಡಿ, ಹಳೆಯದನ್ನು ರಿಮೂವ್‌ನಿಂದ ಅಳಿಸಿ, ಹೊಸದಕ್ಕೆ ರಿನೇಮ್‌ನಿಂದ ಹೆಸರಿಡುವುದೇ ಸರಿಯಾದ ದಾರಿ. ಸಮಾನ ಉದ್ದದ ಪದಗಳನ್ನೇ ಉದಾಹರಣೆಗೆ ಆರಿಸಿಕೊಂಡ ಪುಸ್ತಕ ಈ ಪಾಠವನ್ನು ಕಲಿಸಲಾರದು.

7. ಪ್ರಸ್ತಾವಿತ ಕ್ರಮ

ಮೇಲಿನ ಪರಿಶೀಲನೆಯಿಂದ ಎಣಿಕೆಗೆ ಮೂರು ಮೆಟ್ಟಿಲಿನ ಅಭ್ಯಾಸವನ್ನು ಸೂಚಿಸಬಹುದು. ಮೊದಲು ಬೈಟ್ ಎಣಿಸಿ 82 ಪಡೆಯುವುದು. ಅನಂತರ ಎಂಟರ್‌ಗಳನ್ನೂ 128ರಿಂದ 191ರ ನಡುವಿನ ಬೈಟ್‌ಗಳನ್ನೂ ಬಿಟ್ಟು ಎಣಿಸಿ 26 ಸಂಕೇತಗಳನ್ನು ಪಡೆಯುವುದು. ಯುಟಿಎಫ್-8ರಲ್ಲಿ ಸಂಕೇತದ ಎರಡನೆಯ, ಮೂರನೆಯ ಬೈಟ್‌ಗಳು ಆ ವ್ಯಾಪ್ತಿಯಲ್ಲೇ ಇರುತ್ತವೆ. ಕೊನೆಗೆ ಮೂರು ಬೈಟ್‌ಗಳಿಂದ ಯುನಿಕೋಡ್ ಸಂಖ್ಯೆ ಕಟ್ಟಿ, 3262ರಿಂದ 3277ರವರೆಗಿನ ಚಿಹ್ನೆಗಳನ್ನೂ ಅನುಸ್ವಾರ ವಿಸರ್ಗಗಳನ್ನೂ ಬಿಟ್ಟರೆ 14 ಅಕ್ಷರ. ನಾಲ್ಕು ಊರುಗಳ ಹೆಸರಿನಲ್ಲಿ ಒತ್ತಕ್ಷರವಿಲ್ಲದ್ದರಿಂದ ಈ ನಿಯಮ ಗೆಲ್ಲುತ್ತದೆ. ಐದನೆಯ ಸಾಲಾಗಿ ‘ಕನ್ನಡ’ ಎಂದು ಸೇರಿಸಿದರೆ ಸೋಲುತ್ತದೆ: ಮೂರಕ್ಷರಕ್ಕೆ ನಾಲ್ಕು ಎನ್ನುತ್ತದೆ. ಹಲಂತದ ನಂತರ ಬರುವ ವ್ಯಂಜನವನ್ನು ಹಿಂದಿನದಕ್ಕೆ ಸೇರಿಸಬೇಕೆಂಬುದನ್ನು ವಿದ್ಯಾರ್ಥಿ ತಾನೇ ಕಂಡುಕೊಳ್ಳಬೇಕಾಗುತ್ತದೆ.

8. ಉಪಸಂಹಾರ

ಒಂದನೆಯ ತರಗತಿಯಲ್ಲಿ ಕಲಿತ ಒತ್ತಕ್ಷರದ ನಿಯಮ ಇಂಜಿನಿಯರಿಂಗ್ ಪ್ರಯೋಗಾಲಯದಲ್ಲಿ ಪ್ರೋಗ್ರಾಮಿನ ಷರತ್ತಾಗಿ ಮರಳಿ ಬರುತ್ತದೆ. ಕನ್ನಡ ಮಾಧ್ಯಮದಿಂದ ಬಂದ ಹುಡುಗಿಗೆ ಅಲ್ಲಿಯವರೆಗೆ ಹೊರೆಯೆನಿಸಿದ್ದ ಭಾಷೆ ಆ ಹೊತ್ತಿಗೆ ಕೈಹಿಡಿಯುತ್ತದೆ. ಪ್ರೋಗ್ರಾಮು ಕೊಟ್ಟ ‘ನಾಲ್ಕು’ ತಪ್ಪೆಂದು ಅವಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಇದಕ್ಕೆ ಹೊಸ ಪಠ್ಯಕ್ರಮವಾಗಲಿ, ಕಾಡಿನಂಚಿನ ಊರುಗಳಲ್ಲಿ ಸುಲಭವಾಗಿ ಸಿಗದ ವೇಗದ ಇಂಟರ್ನೆಟ್ಟಾಗಲಿ ಬೇಡ. ವಿಶ್ವವಿದ್ಯಾಲಯದ ಪ್ರಶ್ನೆಗಳು ಇದ್ದ ಹಾಗೇ ಇರಲಿ. ಪ್ರಯೋಗಾಲಯದ ಮೊದಲ ದಿನ ವಿದ್ಯಾರ್ಥಿಗಳ ಮುಂದೆ ಇಡುವ ಕಡತ 82 ಬೈಟ್‌ನದಾಗಿರಲಿ.