ಕೊಲನುಪಾಕದ ಕನ್ನಡ ಕಲ್ಲುಗಳು

ಕನ್ನಡ ಭಾಷೆ ನಮ್ಮ ಹಾಸಿಗೆ ಪೆಟ್ಟಿಗೆಗಳ ಜೊತೆಗೆ ರೈಲು ಹತ್ತಿ ಈ ಊರಿಗೆ ಬಂದಿತೆಂದು ನಾವೆಲ್ಲ ತಿಳಿದುಕೊಂಡಿದ್ದೇವೆ. ಲಿಂಗಂಪಲ್ಲಿಯ ಆಚೆಗಿರುವ ಪಟಾನ್‌ಚೆರು ಹನ್ನೊಂದನೆಯ ಶತಮಾನದಲ್ಲಿ ಪೊಟ್ಟಳಕೆರೆ ಎನಿಸಿಕೊಂಡು, ಕಲ್ಯಾಣದ ಚಾಲುಕ್ಯ ದೊರೆ ಇಮ್ಮಡಿ ಜಯಸಿಂಹನ ನೆಲೆವೀಡಾಗಿತ್ತೆಂಬುದು ನಮ್ಮಲ್ಲಿ ಎಷ್ಟು ಮಂದಿಗೆ ಗೊತ್ತು? ಆ ಊರು ಈಗ ಕಾರ್ಖಾನೆಗಳ ನಡುವೆ ಗುರುತು ಸಿಗದಂತಾಗಿದೆ. ಅದೇ ಕಾಲದ ಇನ್ನೊಂದು ಊರು ಮಾತ್ರ ಹಳ್ಳಿಯಾಗಿಯೇ ಉಳಿದು, ತನ್ನ ಹಳೆಯ ಕಲ್ಲುಗಳನ್ನು ಇಟ್ಟುಕೊಂಡು ಕುಳಿತಿದೆ. ಅದೇ ಕೊಲನುಪಾಕ. ಕುಲ್ಪಾಕ್ ಎಂದರೆ ಹೆಚ್ಚು ಜನಕ್ಕೆ ತಿಳಿದೀತು.

ಹೈದರಾಬಾದಿನಿಂದ ವರಂಗಲ್ ದಾರಿಯಲ್ಲಿ ಇದು ಸುಮಾರು 80 ಕಿಲೋಮೀಟರು. ಸಿಕಂದರಾಬಾದಿನಿಂದ ಕಾಜೀಪೇಟೆಯ ಕಡೆಗೆ ಹೋಗುವ ಗಾಡಿಯಲ್ಲಿ ಆಲೇರಿನಲ್ಲಿ ಇಳಿದರೆ, ಅಲ್ಲಿಂದ ಊರು ಆರು ಕಿಲೋಮೀಟರಿನಷ್ಟು ದೂರ. ಹಿಂದೆ ನಲ್ಗೊಂಡ ಜಿಲ್ಲೆಗೆ ಸೇರಿದ್ದ ಈ ಗ್ರಾಮ 2016ರಿಂದ ಯಾದಾದ್ರಿ ಭುವನಗಿರಿ ಜಿಲ್ಲೆಯಲ್ಲಿದೆ.

ಚಾಲುಕ್ಯರ ಕಾಲದಲ್ಲಿ ಇದರ ಹೆಸರು ಕೊಳ್ಳಿಪಾಕೆ. ಕೊಳ್ಳಿಪಾಕೆ ಏಳು ಸಾವಿರ ಎಂಬ ದೊಡ್ಡ ನಾಡಿಗೆ ಇದೇ ಮುಖ್ಯ ಪಟ್ಟಣ. (ಈ ಏಳು ಸಾವಿರ ಹಳ್ಳಿಗಳ ಲೆಕ್ಕವೋ ಕಂದಾಯದ ಲೆಕ್ಕವೋ ಎಂಬ ವಾದ ವಿದ್ವಾಂಸರಲ್ಲಿ ಇನ್ನೂ ಮುಗಿದಿಲ್ಲ.) ತಂಜಾವೂರಿನ ರಾಜೇಂದ್ರ ಚೋಳ ತಾನು ಗೆದ್ದ ಸ್ಥಳಗಳನ್ನು ಎಣಿಸುವಾಗ ಬನವಾಸಿ, ಮಾನ್ಯಖೇಟಗಳ ಜೊತೆಗೇ ಈ ಊರಿನ ಹೆಸರನ್ನೂ ಹೇಳಿಕೊಂಡಿದ್ದಾನೆ. ಅವನ ಮಗ ರಾಜಾಧಿರಾಜ 1040ರ ದಶಕದಲ್ಲಿ ಇದಕ್ಕೆ ಬೆಂಕಿಯಿಟ್ಟುದಾಗಿ ಚೋಳ ಶಾಸನಗಳು ಹೆಮ್ಮೆಪಡುತ್ತವೆ. ಸುಟ್ಟ ಊರು ಮತ್ತೆ ಎದ್ದಿತು. ಆರನೆಯ ವಿಕ್ರಮಾದಿತ್ಯನ ಕಾಲಕ್ಕೆ, ಮಾಳವದ ಪರಮಾರ ವಂಶದ ಜಗದ್ದೇವ ತನ್ನ ನಾಡು ಬಿಟ್ಟು ಬಂದು ಚಾಲುಕ್ಯರ ಆಶ್ರಯ ಪಡೆದು ಇಲ್ಲಿ ಅಧಿಕಾರ ನಡೆಸಿದ. ಕೆಲಸಕ್ಕಾಗಿ ಪರಸ್ಥಳ ಸೇರಿದವರಲ್ಲಿ ನಾವೇ ಮೊದಲಿಗರಲ್ಲ!

ಊರಿನಲ್ಲಿ ದೊರೆತ ಶಾಸನಗಳಲ್ಲಿ ಕನ್ನಡದವು ಹಲವು. ನಮ್ಮಂಥ ಕಛೇರಿಯ ಗುಮಾಸ್ತರಿಗೆ ಇವುಗಳ ಕ್ರಮ ಥಟ್ಟನೆ ಪರಿಚಿತವೆನಿಸುತ್ತದೆ. ಮೊದಲು ಆಳುವ ದೊರೆಯ ಬಿರುದುಬಾವಲಿ, ಆಮೇಲೆ ಅಧಿಕಾರಿಯ ಹೆಸರು, ತೇದಿ, ಕೊಟ್ಟ ಭೂಮಿಯ ವಿವರ, ಕೊನೆಗೆ ಇದನ್ನು ಕೆಡಿಸಿದವನಿಗೆ ತಟ್ಟುವ ಪಾಪ. ಕೊನೆಯದೊಂದನ್ನು ಬಿಟ್ಟರೆ ಎಲ್ಲವೂ ಸರ್ಕಾರಿ ಆಜ್ಞೆಯೇ. ತೇದಿಗೆ ಮಾತ್ರ ಸ್ವಲ್ಪ ಲೆಕ್ಕ ಬೇಕು. ವಿಕ್ರಮಾದಿತ್ಯ 1076ರಲ್ಲಿ ಶಕವರ್ಷವನ್ನು ಬದಿಗಿಟ್ಟು ತನ್ನದೇ ವರ್ಷಗಣನೆ ಆರಂಭಿಸಿದ. ಆದ್ದರಿಂದ ಕಲ್ಲಿನ ಮೇಲಿನ ಚಾಲುಕ್ಯ ವಿಕ್ರಮವರ್ಷಕ್ಕೆ 1075 ಕೂಡಿಸಬೇಕು. ಐವತ್ತನೆಯ ವರ್ಷವೆಂದರೆ 1125. ಆ ವರ್ಷದ್ದೊಂದು ಕನ್ನಡ ಶಾಸನ ಇಲ್ಲಿಯ ಜೈನದೇವಿ ಅಂಬಿಕೆಗೆ ಹಳ್ಳಿಯೊಂದನ್ನು ದತ್ತಿ ಬಿಟ್ಟುದನ್ನು ತಿಳಿಸುತ್ತದೆ.

ಇಂದು ಊರಿಗೆ ಬರುವವರಲ್ಲಿ ಹೆಚ್ಚಿನವರು ಜೈನ ಯಾತ್ರಿಕರು. ಮಾಣಿಕ್ಯದೇವನೆಂದು ಹೆಸರಾದ ಆದಿನಾಥನೇ ಇಲ್ಲಿಯ ಮುಖ್ಯ ದೇವರು. ಒಂದೇ ಜೇಡ್ ಶಿಲೆಯಲ್ಲಿ ಕಡೆದುದೆಂದು ಹೇಳುವ, ಸುಮಾರು 130 ಸೆಂಟಿಮೀಟರ್ ಎತ್ತರದ ಮಹಾವೀರನನ್ನು ನೋಡಿಯೇ ತೀರಬೇಕು. ಗರ್ಭಗುಡಿ ಹಳೆಯದು, ಸುತ್ತಲಿನ ನುಣುಪಾದ ಕಟ್ಟಡ ಈಚಿನದು, ರಾಜಸ್ಥಾನ ಗುಜರಾತಿನ ಶಿಲ್ಪಿಗಳ ಕೈಕೆಲಸ. ಚೆನ್ನಾಗಿದೆ, ಆದರೆ ಚಾಲುಕ್ಯರ ಕೈ ಅಲ್ಲಿ ಕಾಣುವುದಿಲ್ಲ. ಹದಿನಾಲ್ಕನೆಯ ಶತಮಾನದ ಜಿನಪ್ರಭಸೂರಿ ತನ್ನ ‘ವಿವಿಧ ತೀರ್ಥಕಲ್ಪ’ದಲ್ಲಿ ಈ ಮೂರ್ತಿಯನ್ನು ಇಲ್ಲಿಗೆ ತಂದವನು ಕಲ್ಯಾಣದ ಶಂಕರನೆಂಬ ರಾಜನೆಂದು ಕಥೆ ಹೇಳಿದ್ದಾನೆ. ಚರಿತ್ರೆಯಲ್ಲದಿದ್ದರೂ ಊರಿನ ನೆನಪು ಯಾವ ದಿಕ್ಕಿಗೆ ತಿರುಗಿತ್ತೆಂಬುದಕ್ಕೆ ಈ ಕಥೆ ಸಾಕ್ಷಿ.

ಚಾಲುಕ್ಯರ ಕೈಯನ್ನು ಕಾಣಬೇಕಾದರೆ ಸೋಮೇಶ್ವರ ಗುಡಿಗೆ ಹೋಗಬೇಕು. ವೀರಶೈವರಿಗೆ ಇದು ಕೊಲ್ಲಿಪಾಕಿ. ರೇಣುಕಾಚಾರ್ಯರು ಈ ಸೋಮೇಶ್ವರಲಿಂಗದಿಂದಲೇ ಉದ್ಭವಿಸಿದರೆಂದು ಸಂಪ್ರದಾಯ. ಬಾಳೆಹೊನ್ನೂರಿನ ರಂಭಾಪುರಿ ಪೀಠದ ಪರಂಪರೆ ಅವರಿಂದಲೇ ತೊಡಗುತ್ತದೆ. ಸುತ್ತಲೂ ನಾನಾ ಜಾತಿಗಳವರ ಮಠಗಳಿವೆ. ಗುಡಿಯ ಆವರಣದಲ್ಲೇ ಪುರಾತತ್ತ್ವ ವಸ್ತುಸಂಗ್ರಹಾಲಯವಿದ್ದು, ಊರಿನಲ್ಲಿ ಸಿಕ್ಕಿದ ಶಿಲ್ಪಗಳನ್ನೂ ಶಾಸನಗಳನ್ನೂ ತಂದಿರಿಸಿದ್ದಾರೆ.

ಇಷ್ಟನ್ನು ಓದಿ, ಹಾಗಾದರೆ ಇದೆಲ್ಲ ನಮ್ಮದೇ ನಾಡಾಗಿತ್ತೆಂದು ಎದೆ ತಟ್ಟಿಕೊಳ್ಳುವುದು ನಮಗೆ ಸರಿಕಾಣದು. ಚಾಲುಕ್ಯರು ಇಳಿದ ಮೇಲೆ ಕಾಕತೀಯರು ಬಂದರು. ಇದೇ ಸೀಮೆಯ ಪಾಲ್ಕುರಿಕೆ ಸೋಮನಾಥ ತೆಲುಗಿನಲ್ಲಿ ಬಸವಪುರಾಣ ಬರೆದ. 1369ರಲ್ಲಿ ಭೀಮಕವಿ ಅದನ್ನು ಕನ್ನಡಕ್ಕೆ ತಂದ. ಕೊಡುಕೊಳ್ಳುವುದು ಎರಡೂ ಕಡೆಯಿಂದ ನಡೆದಿತ್ತು. 1961ರಲ್ಲಿ ‘ಆಂಧ್ರಪ್ರದೇಶದ ಕನ್ನಡ ಶಾಸನಗಳು’ ಎಂಬ ಇಂಗ್ಲಿಷ್ ಸಂಪುಟವನ್ನು ಹೊರತಂದುದೂ ಇಲ್ಲಿಯ ಸರ್ಕಾರವೇ.

ನಮ್ಮ ಚಿಂತೆ ಬೇರೆ. ಕಲ್ಲು ಉಳಿದಿದೆ, ಓದುವವರು ಎಲ್ಲಿ? ಊರಿನವರಿಗೆ ಲಿಪಿ ಹತ್ತಿರವಿದ್ದರೂ ಭಾಷೆ ದೂರ. ನಮ್ಮ ಮಕ್ಕಳಿಗೆ ಮನೆಯಲ್ಲಿ ಆಡುವ ಭಾಷೆ ಬರುತ್ತದೆ, ಅಕ್ಷರ ಬರುವುದಿಲ್ಲ. ಶಾಲೆಯಲ್ಲಿ ತೆಲುಗು ಕಲಿತ ಮಗುವಿಗಾದರೂ ಇದು ಕಷ್ಟವಾಗಬಾರದು, ಏಕೆಂದರೆ ಆ ಕಾಲದಲ್ಲಿ ತೆಲುಗು ಕನ್ನಡಗಳಿಗೆ ಲಿಪಿ ಒಂದೇ ಆಗಿತ್ತು. ಕರೆದುಕೊಂಡು ಹೋದಾಗ ಮೊದಲು ಕಲ್ಲಿನ ತಲೆಯ ಭಾಗವನ್ನು ತೋರಿಸಿರಿ. ಜಿನನಿದ್ದರೆ ಬಸದಿಯ ದತ್ತಿ, ಲಿಂಗವಿದ್ದರೆ ಶಿವಾಲಯದ್ದು. ಪಕ್ಕದಲ್ಲಿ ಸೂರ್ಯ ಚಂದ್ರರಿರುತ್ತಾರೆ: ಅವರಿರುವ ತನಕ ದತ್ತಿ ನಡೆಯಲೆಂದು. ಆಮೇಲೆ ಕೆಳಗಿನ ಸಾಲಿನಲ್ಲಿ ಒಂದು ‘ನ’, ಒಂದು ‘ಮ’ ಹುಡುಕಲು ಹೇಳಿರಿ.